ಕೈಯಲ್ಲಿ ನಂಬರ್ ಹೇಳುವವರು

‘ನಾಲಿಗೆಗೆ ಮುಟ್ಟಿಸಿ ನೋಡಮ್ಮ’ ಎಂದು ಹಿರಿಯರು ಎರಡು ಲೆನ್ಸ್ ನನ್ನ ಅಂಗೈಗಿಟ್ಟರು. ನಾನು ಹಿಂದೆಮುಂದೆ ನೋಡಿದ್ದು ಕಂಡು, ‘ಸರಿ, ಕೆನ್ನೆಗಾದರೂ ಒತ್ತಿಕೊ’ ಎಂದರು. ಒಂದು ಲೆನ್ಸ್ ಮುಟ್ಟಿದಾಗ ತಣ್ಣಗಿತ್ತು, ಕ್ಷಣದಲ್ಲಿ ಚರ್ಮದ ಬಿಸಿಗೆ ಹೊಂದಿಕೊಂಡಿತು. ಇನ್ನೊಂದು ಜುಮ್ಮೆನ್ನುವಷ್ಟು ತಂಪು. ಆ ತಂಪು ಬೇಗ ಆರಲೂ ಇಲ್ಲ. ನೋಡುವುದಕ್ಕೆ ಎರಡೂ ಒಂದೇ, ದುಂಡಗೆ, ತಿಳಿಯಾಗಿ. ಮೊದಲನೆಯದು ಗಾಜು, ಎರಡನೆಯದು ಕಲ್ಲು. ನೆಲದಿಂದ ಅಗೆದು, ಕೊಯ್ದು, ಸಾಣೆ ಹಿಡಿದು ಮಾಡಿದ ಸ್ಫಟಿಕ.

ಬೆಂಗಳೂರಿನ ಬಳೇಪೇಟೆಯ ಹಿಂದಿನ ಗಲ್ಲಿಯೊಂದರ ಮಹಡಿಯಲ್ಲಿ ಇದೆಲ್ಲ ನಡೆಯಿತು. ನಾನು ಹೋಗಿದ್ದು ಅಮ್ಮನ ಕನ್ನಡಕದ ಕೆಲಸಕ್ಕೆ. ಅಮ್ಮನಿಗೆ ‘ಕೆಟಿ’ಯೇ ಬೇಕು. ಅಂದರೆ ಕ್ರಿಪ್ಟಾಕ್, ದೂರದ ಗಾಜಿನೊಳಗೆ ಓದುವ ದುಂಡನೆಯ ತುಂಡು ಬೆಸೆದಿರುವ ಬೈಫೋಕಲ್. ಹೊಸ ಅಂಗಡಿಗಳವರು ಪ್ರೋಗ್ರೆಸಿವ್ ಹಾಕಿಸಿಕೊಳ್ಳಿ ಎಂದರೆ ಅಮ್ಮ ತಲೆಯಾಡಿಸಿ ಎದ್ದು ಬರುತ್ತಾರೆ. ಮಿಂಟೋ ಆಸ್ಪತ್ರೆಗೆ ಹಲವು ವರ್ಷದಿಂದ ಓಡಾಡಿದ ಬಂಧುವೊಬ್ಬರು ಈ ಗಲ್ಲಿಯ ದಾರಿ ಹೇಳಿದರು. ಒಳಗೆ ಕೂತಿದ್ದವರು ಭಾವ–ಭಾವಮೈದುನ. ಭಾವನಿಗೆ ಎಂಬತ್ತು ದಾಟಿದೆ, ಜೀವನವಿಡೀ ಗಾಜು ಉಜ್ಜಿದವರು. ಭಾವಮೈದುನ ಕೆಲವೇ ವರ್ಷ ಚಿಕ್ಕವರು, ಅವರದ್ದು ಫಿಟ್ಟಿಂಗ್ ಕೆಲಸ. ಪತ್ರಿಕೆಯಲ್ಲಿ ಹೆಸರು ಬೇಡ ಎಂದರು ಇಬ್ಬರೂ. ಮಾತು ಮಾತ್ರ ಧಾರಾಳವಾಗಿ ಕೊಟ್ಟರು.

ಅಮ್ಮನ ಹಳೆಯ ಕನ್ನಡಕ ಕೈಗೆ ತೆಗೆದುಕೊಂಡ ಹಿರಿಯರು ಅದನ್ನು ಯಾವ ಯಂತ್ರಕ್ಕೂ ಒಡ್ಡಲಿಲ್ಲ. ಎದುರಿನ ಗೋಡೆಯಲ್ಲಿ ಕಪ್ಪು ಬಣ್ಣದಲ್ಲಿ ಒಂದು ಅಡ್ಡಗೆರೆ, ಒಂದು ಉದ್ದಗೆರೆ. ಕನ್ನಡಕವನ್ನು ತೋಳುದ್ದ ಮುಂದೆ ಹಿಡಿದು, ಒಂದು ಕಣ್ಣು ಮುಚ್ಚಿ, ಗಾಜಿನ ಮೂಲಕ ಆ ಗೆರೆಗಳನ್ನೇ ನೋಡುತ್ತ ಕೈಯನ್ನು ನಿಧಾನವಾಗಿ ಎಡಕ್ಕೆ ಬಲಕ್ಕೆ ಆಡಿಸಿದರು. ‘ಎದುರು ಓಡ್ತಿದೆ. ಪ್ಲಸ್’ ಎಂದರು. ಮರದ ಪೆಟ್ಟಿಗೆಯಿಂದ ಒಂದು ಮೈನಸ್ ಲೆನ್ಸ್ ತೆಗೆದು ಅದರ ಬೆನ್ನಿಗೆ ಒತ್ತಿ ಮತ್ತೆ ಆಡಿಸಿದರು. ಬದಲಿಸಿ ಇನ್ನೊಂದು. ‘ನಿಂತಿತು. ಒಂದೂ ಮುಕ್ಕಾಲು.’ ಆಮೇಲೆ ಕನ್ನಡಕವನ್ನು ಚಕ್ರದ ಹಾಗೆ, ಆದರೆ ಕೂದಲೆಳೆಯಷ್ಟೇ ತಿರುಗಿಸಿದರು. ಅಡ್ಡಗೆರೆ ಮುರಿದು ಓರೆಯಾಯಿತು. ‘ಸಿಲಿಂಡರ್ ಇದೆ, ಕಾಲು.’ ಆಸ್ಪತ್ರೆಯ ಚೀಟಿ ನನ್ನ ಚೀಲದಲ್ಲಿತ್ತು. ತೆಗೆದು ನೋಡಿದೆ. ಅಕ್ಷರಶಃ ಅದೇ.

ಅಲ್ಲಿಂದ ನನಗೆ ಅಮ್ಮನ ಕನ್ನಡಕ ಮರೆತೇಹೋಯಿತು.

ಇದರ ತರ್ಕ ಸರಳ, ಅದಕ್ಕೇ ಇಷ್ಟು ಸೊಗಸು. ಪ್ಲಸ್ ಗಾಜನ್ನು ಎಡಕ್ಕೆ ಸರಿಸಿದರೆ ಅದರೊಳಗಿನ ದೃಶ್ಯ ಬಲಕ್ಕೆ ಓಡುತ್ತದೆ. ಮೈನಸ್ ಗಾಜಾದರೆ ಕೈ ಹೋದ ಕಡೆಗೇ ದೃಶ್ಯವೂ ಹೋಗುತ್ತದೆ. ಗೊತ್ತಿರುವ ಲೆನ್ಸ್ ಒಂದನ್ನು ಗೊತ್ತಿಲ್ಲದ್ದಕ್ಕೆ ಸೇರಿಸಿ, ಓಟ ಪೂರ್ತಿ ನಿಂತಿತೆಂದರೆ ಎರಡೂ ಸೇರಿ ಸೊನ್ನೆ. ಅಂದರೆ ಗೊತ್ತಿರುವುದರ ಚಿಹ್ನೆ ಬದಲಿಸಿದರೆ ಉತ್ತರ ಬಂತು. ಇಂದು ಲೆನ್ಸೋಮೀಟರ್ ಇದನ್ನು ಕ್ಷಣಾರ್ಧದಲ್ಲಿ ಹೇಳುತ್ತದೆ. ಆದರೆ ಕಾಲು ನಂಬರಿನ ಓಟವನ್ನು ಬರಿಗಣ್ಣಿನಲ್ಲಿ ಹಿಡಿಯುವುದು ಎಂಥ ಸೂಕ್ಷ್ಮದ ಕೆಲಸ ಎಂಬುದು ಪ್ರಯತ್ನಿಸಿದರೇ ತಿಳಿಯುವುದು. ನನ್ನ ಕೈಗೆ ಕೊಟ್ಟಾಗ ಅರ್ಧದ ಓಟ ಕಂಡಿತು, ಕಾಲಿನದು ಕಾಣಲೇ ಇಲ್ಲ. ‘ಉಸಿರು ಹಿಡಿ. ಗಾಜು ನೋಡಬೇಡ, ಗೋಡೆ ನೋಡು’ ಎಂದು ಭಾವಮೈದುನ ಹೇಳಿಕೊಟ್ಟರು.

ಮನೆಯಲ್ಲಿ ಮಾಡಬಹುದಾದ ಇನ್ನೊಂದು ಪರೀಕ್ಷೆಯನ್ನೂ ತೋರಿಸಿದರು. ಓದುವ ಕನ್ನಡಕವನ್ನು ಕಿಟಕಿಯ ಎದುರಿನ ಗೋಡೆಯ ಬಳಿ ಹಿಡಿದು ಹಿಂದೆಮುಂದೆ ಮಾಡಿದರೆ ಒಂದು ಕಡೆ ಕಿಟಕಿಯ ತಲೆಕೆಳಗಾದ ಚಿತ್ರ ಗೋಡೆಯ ಮೇಲೆ ಸ್ಪಷ್ಟವಾಗಿ ಮೂಡುತ್ತದೆ. ಕಿಟಕಿ ಸಾಕಷ್ಟು ದೂರವಿದ್ದು, ಗಾಜಿಗೂ ಗೋಡೆಗೂ ನಡುವೆ ಅರ್ಧ ಮೀಟರ್ ಇದ್ದರೆ ಪವರ್ ಎರಡು. ಮೀಟರಿನ ಮೂರನೆಯ ಒಂದು ಭಾಗ ಇದ್ದರೆ ಮೂರು. ಫ್ರಾನ್ಸಿನ ನೇತ್ರವೈದ್ಯ ಮೊನೊಯೆ 1872ರಲ್ಲಿ ಡಯಾಪ್ಟರ್ ಎಂಬ ಅಳತೆ ಸೂಚಿಸಿದ್ದು ಈ ಲೆಕ್ಕದ ಮೇಲೆಯೇ. ಅದಕ್ಕೂ ಮೊದಲು ಗಾಜಿನ ನಂಬರೆಂದರೆ ಈ ದೂರದ ಅಂಗುಲ. ಆಗ ನಂಬರ್ ಚಿಕ್ಕದಾದಷ್ಟೂ ಗಾಜು ಜೋರು. ಈಗಿನ ಎರಡರ ಪವರ್ ಆ ಲೆಕ್ಕದಲ್ಲಿ ಸುಮಾರು 20.

ಉಳಿದ ಚರಿತ್ರೆ ಓದುಗರಿಗೆ ಗೊತ್ತಿರುವುದೇ. 13ನೇ ಶತಮಾನದ ಕೊನೆಗೆ ಇಟಲಿಯಲ್ಲಿ ಕನ್ನಡಕ ಹುಟ್ಟಿತು. 1306ರಲ್ಲಿ ಪೀಸಾದ ಜೋರ್ದಾನೊ ಎಂಬ ಪಾದ್ರಿ ತನ್ನ ಉಪದೇಶದಲ್ಲಿ, ಈ ವಿದ್ಯೆ ಬಂದು ಇನ್ನೂ ಇಪ್ಪತ್ತು ವರ್ಷವಾಗಿಲ್ಲ ಎಂದಿದ್ದ. ಬೆಂಜಮಿನ್ ಫ್ರಾಂಕ್ಲಿನ್ ಎರಡು ಗಾಜುಗಳನ್ನು ಅರ್ಧರ್ಧ ಕತ್ತರಿಸಿ ಒಂದೇ ಫ್ರೇಮಿನಲ್ಲಿ ಕೂರಿಸಿದ. ಖಗೋಳಶಾಸ್ತ್ರಿ ಜಾರ್ಜ್ ಏರಿ 1825ರಲ್ಲಿ ತನ್ನದೇ ಕಣ್ಣಿನ ದೋಷಕ್ಕೆ ಸಿಲಿಂಡರ್ ಗಾಜು ಮಾಡಿಸಿಕೊಂಡ. ಕ್ರಿಪ್ಟಾಕ್ 20ನೇ ಶತಮಾನದ ಮೊದಲ ದಶಕದ್ದು. ಇಲ್ಲಿಗೆ ಸಾಕು, ನನಗೆ ಮತ್ತೆ ಆ ಸ್ಫಟಿಕದ ಕಡೆಗೇ ಹೋಗಬೇಕಿದೆ.

ನಮ್ಮ ಅಜ್ಜಂದಿರ ಕಾಲದಲ್ಲಿ ಕಲ್ಲಿನ ಕನ್ನಡಕಕ್ಕೆ ಭಾರಿ ಮರ್ಯಾದೆ ಇತ್ತು. ವ್ಯಾಪಾರದಲ್ಲಿ ಅದಕ್ಕೆ ‘ಪೆಬಲ್’ ಎಂಬ ಹೆಸರು. ತಂಜಾವೂರಿನ ಪಕ್ಕದ ವಲ್ಲಂ ಎಂಬ ಊರು ಈ ಕೆಲಸಕ್ಕೇ ಹೆಸರಾಗಿತ್ತು. ಕಲ್ಲು ಗಾಜಿಗಿಂತ ಗಟ್ಟಿ, ಧೋತರದ ಅಂಚಿನಲ್ಲಿ ಎಷ್ಟು ಒರೆಸಿದರೂ ಗೀರು ಬೀಳುವುದಿಲ್ಲ, ತಲೆಮಾರು ದಾಟಿದರೂ ಹೊಳಪು ಹೋಗುವುದಿಲ್ಲ. ಇದು ನಿಜ. ಸ್ಫಟಿಕ ಕಣ್ಣಿಗೆ ತಂಪು, ಉಷ್ಣ ಎಳೆಯುತ್ತದೆ ಎಂಬ ನಂಬಿಕೆ ಮಾತ್ರ ನನಗೆ ಒಪ್ಪಿಗೆಯಾಗುವುದಿಲ್ಲ. ಸ್ಫಟಿಕದ ಮೂಲಕ ಶಾಖ ಬೇಗ ಹರಿಯುತ್ತದೆ, ಆದ್ದರಿಂದ ಕೆನ್ನೆಯ ಬಿಸಿಯನ್ನು ಅದು ಗಾಜಿಗಿಂತ ಜೋರಾಗಿ ಹೀರುತ್ತದೆ. ಮುಟ್ಟಿದಾಗಿನ ತಂಪು ಅಷ್ಟೇ. ಕನ್ನಡಕ ಕಣ್ಣನ್ನು ಮುಟ್ಟುವುದೇ ಇಲ್ಲವಲ್ಲ. ಸಾಲದ್ದಕ್ಕೆ, ಸಾಮಾನ್ಯ ಗಾಜು ತಡೆಯುವ ನೇರಳಾತೀತ ಕಿರಣಗಳನ್ನು ಸ್ಫಟಿಕ ಸಲೀಸಾಗಿ ಒಳಗೆ ಬಿಡುತ್ತದೆ. ಬಿಸಿಲಿಗೆ ಹೋಗುವವರಿಗೆ ಗಾಜೇ ವಾಸಿ. ಇದನ್ನು ಹೇಳಿದಾಗ ಹಿರಿಯರು ವಾದಿಸಲಿಲ್ಲ. ‘ನಮ್ಮ ಗಿರಾಕಿಗಳಿಗೆ ತಂಪಾಗ್ತಿತ್ತಮ್ಮ’ ಎಂದಷ್ಟೇ ಹೇಳಿ ಮೇಜಿನ ಖಾನೆ ಎಳೆದರು.

ಖಾನೆಯಿಂದ ಬಂದದ್ದು ತಂತಿಯ ಚಿಮಟ. ಎರಡು ತುದಿಗೂ ಹಸಿರುಗಪ್ಪು ಕಲ್ಲಿನ ಬಿಲ್ಲೆ. ಟೂರ್ಮಲೀನ್. ಬಿಲ್ಲೆಗಳಲ್ಲಿ ಒಂದನ್ನು ತಿರುಗಿಸಿದರೆ ಎರಡರ ಮೂಲಕ ಬರುತ್ತಿದ್ದ ಬೆಳಕು ಕಂದುತ್ತ ಕಂದುತ್ತ ಕತ್ತಲಾಗುತ್ತದೆ. ಆ ಕತ್ತಲಿನ ನಡುವೆ ಗಾಜಿನ ಲೆನ್ಸ್ ತೂರಿಸಿದರೆ ಕತ್ತಲು ಕತ್ತಲಾಗಿಯೇ ಉಳಿಯುತ್ತದೆ. ಸ್ಫಟಿಕ ತೂರಿಸಿದರೆ ಬೆಳಕು ಹರಿದು ಬರುತ್ತದೆ. ಕಲ್ಲನ್ನು ಅದರ ಅಕ್ಷಕ್ಕೆ ಸರಿಯಾಗಿ ಅಡ್ಡ ಕೊಯ್ದಿದ್ದರೆ ಇನ್ನೂ ಒಂದು ಚೆಂದ: ಚಿಮಟವನ್ನು ಕಣ್ಣಿಗೆ ಹತ್ತಿರ ತಂದಾಗ ಒಂದರೊಳಗೊಂದು ಬಣ್ಣದ ಉಂಗುರಗಳು. ನಾನು ಅದನ್ನು ಕಿಟಕಿಗೆ ಹಿಡಿದು ನೋಡಿದ್ದೇ ನೋಡಿದ್ದು. ಗಾಜನ್ನು ಕಲ್ಲೆಂದು ಮಾರುವ ಮೋಸ ಆ ಕಾಲದಲ್ಲೂ ಇತ್ತು. ಅದಕ್ಕಾಗಿಯೇ ಅಂಗಡಿಗಳಲ್ಲಿ ಈ ಚಿಮಟ.

ಕಲ್ಲಿನ ಕನ್ನಡಕದ ಮಾತು ಬಂದರೆ ಕನ್ನಡಿಗರು ಹಂಪಿಗೆ ಹೋಗದೆ ಇರಲಾಗದು. ವಿಜಯನಗರದ ರಾಜಗುರು ವ್ಯಾಸರಾಯರ ಜೀವನವನ್ನು ಅವರ ಸಮಕಾಲೀನನಾದ ಸೋಮನಾಥ ಕವಿ ‘ವ್ಯಾಸಯೋಗಿಚರಿತ’ ಎಂಬ ಸಂಸ್ಕೃತ ಚಂಪುವಿನಲ್ಲಿ ಬರೆದಿದ್ದಾನೆ. ಯತಿಗಳು ಗ್ರಂಥ ಓದುವಾಗ ಕನ್ನಡಕ ಬಳಸುತ್ತಿದ್ದ ಸೂಚನೆ ಅದರಲ್ಲಿದೆ ಎಂದು ಪುಣೆಯ ಭಂಡಾರಕರ್ ಸಂಸ್ಥೆಯ ವಿದ್ವಾಂಸ ಪಿ. ಕೆ. ಗೋಡೆ 1947ರಲ್ಲಿ ಬರೆದರು. ಭಾರತದಲ್ಲಿ ಕನ್ನಡಕದ ಚರಿತ್ರೆ ಹುಡುಕಿದವರೆಲ್ಲ ಆ ಲೇಖನದ ಬಾಗಿಲಿನಿಂದಲೇ ಒಳಗೆ ಹೋಗುತ್ತಾರೆ. ಮೊದಲ ಬಾರಿ ಓದಿದಾಗ ನನಗೆ ಆದ ಸಂತೋಷ ಹೇಳತೀರದು. ಕೃಷ್ಣದೇವರಾಯನ ಕಾಲ, ಚಾಳೀಸು ಬಂದು ಎಷ್ಟೋ ವರ್ಷವಾದ ಯತಿ, ಎದುರಿಗೆ ತಾಳೆಗರಿ, ಮೂಗಿನ ಮೇಲೆ ಕನ್ನಡಕ!

ಆ ಕನ್ನಡಕ ಎಲ್ಲಿಂದ ಬಂದಿರಬಹುದು? ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದಿದ್ದರು, ವಿಜಯನಗರಕ್ಕೆ ಕುದುರೆ ಮಾರುತ್ತಿದ್ದರು, ಅವರ ರಾಯಭಾರಿಗಳು ಅರಮನೆಗೆ ಕಾಣಿಕೆ ಹಿಡಿದು ಬರುತ್ತಿದ್ದರು. ಕಾಣಿಕೆಯ ಜೊತೆ ಬಂದಿರಬೇಕು ಎಂದರೆ ತಕರಾರಿಲ್ಲ. ಅದೇ ಹೆಚ್ಚು ಸಂಭವ. ಆದರೂ ನನ್ನ ಮನಸ್ಸು ಇನ್ನೊಂದು ಕಡೆ ಎಳೆಯುತ್ತದೆ. ಅದೇ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಹಂಪಿಯ ಬೀದಿಯಲ್ಲಿ ವಜ್ರ, ಮಾಣಿಕ್ಯ, ಪಚ್ಚೆ ಮಾರುವುದನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಅಷ್ಟು ರತ್ನವಿದ್ದ ಊರಿನಲ್ಲಿ ಸಾಣೆಗಾರರು ಇಲ್ಲದಿರಲು ಸಾಧ್ಯವೇ? ಒಂದು ಮಾದರಿ ಕೈಗೆ ಸಿಕ್ಕಿದರೆ ಸ್ಫಟಿಕದಲ್ಲಿ ಇನ್ನೊಂದನ್ನು ಉಜ್ಜುವುದು ಅಂಥವರಿಗೆ ಅಸಾಧ್ಯವಾಗಿರಲಿಲ್ಲ. ಇದು ಆಸೆಯ ಮಾತು, ದಾಖಲೆಯದಲ್ಲ. ಕನ್ನಡಕವನ್ನು ಭಾರತವೇ ಕಂಡುಹಿಡಿಯಿತು ಎಂದು ಇಷ್ಟರಿಂದಲೇ ಹೊರಡುವವರ ಜೊತೆ ನಾನು ಹೋಗಲಾರೆ. ಸ್ಫಟಿಕದ ಮಣಿಗೆ ಉಬ್ಬು ಕೊಡುವುದು ಒಂದು, ಅದನ್ನು ಜೋಡಿ ಮಾಡಿ ಮೂಗಿನ ಮೇಲೆ ಕೂರಿಸುವ ಯೋಚನೆ ಇನ್ನೊಂದು. ಹಿರಿಯರಿಗೆ ಈ ಕಥೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಎಷ್ಟು ನಂಬರ್ ಇತ್ತಂತೆ?’

ಅವರ ಕೋಣೆಯ ಮೂಲೆಯಲ್ಲಿ ಎರಕದ ಕಬ್ಬಿಣದ ಬಟ್ಟಲುಗಳ ರಾಶಿ. ಕೆಲವು ತಗ್ಗು, ಕೆಲವು ಉಬ್ಬು, ಒಂದೊಂದರ ಬೆನ್ನಿಗೂ ಒಂದೊಂದು ಅಂಕಿ. ಆರರ ಅಂಕಿ ಇದ್ದದ್ದರ ಬಾಗು ಸುಮಾರು ಒಂಬತ್ತು ಸೆಂಟಿಮೀಟರ್ ತ್ರಿಜ್ಯದ ಗೋಳದ್ದು. ಉಬ್ಬು ಗಾಜು ಬೇಕಾದರೆ ತಗ್ಗು ಬಟ್ಟಲು, ತಗ್ಗು ಗಾಜು ಬೇಕಾದರೆ ಉಬ್ಬು. ದಪ್ಪ ಗಾಜಿನ ಬಿಲ್ಲೆಯನ್ನು ಕಪ್ಪು ಅರಗಿನಿಂದ ಹಿಡಿಗೆ ಅಂಟಿಸಿ, ನೀರಿನಲ್ಲಿ ಕಲೆಸಿದ ಎಮರಿ ಪುಡಿ ಹಾಕಿ ಬಟ್ಟಲಿನಲ್ಲಿ ಉಜ್ಜಬೇಕು. ಮೊದಲು ತರಿ, ಆಮೇಲೆ ಸಣ್ಣ, ಕೊನೆಗೆ ಬೆರಳಿಗೆ ಹಿಟ್ಟಿನಷ್ಟೂ ಸಿಗದ ನಯ. ಒಂದು ಪುಡಿಯಿಂದ ಇನ್ನೊಂದಕ್ಕೆ ಹೋಗುವ ಮುನ್ನ ಕೈ, ಉಗುರಿನ ಸಂದಿ, ಬಟ್ಟಲು, ಮೇಜು ಎಲ್ಲ ತೊಳೆಯಬೇಕು. ತರಿಯ ಒಂದೇ ಕಣ ಉಳಿದರೂ ಗಾಜಿಗೆ ಗೀರು ಬಿದ್ದು ಮೊದಲಿನಿಂದ ಶುರು. ‘ಶಬ್ದ ಕೇಳಬೇಕು. ಪುಡಿ ಸವೆದ ಹಾಗೆ ಶಬ್ದ ಇಳಿಯುತ್ತೆ’ ಎಂದರು. ಪಾಲಿಶ್‌ಗೆ ಬಟ್ಟಲಿಗೆ ಫೆಲ್ಟ್ ಅಂಟಿಸಿ ಕೆಂಪು ರೂಜ್, ಅಂದರೆ ಕಬ್ಬಿಣದ ಆಕ್ಸೈಡ್. ಸೀರಿಯಂ ಪುಡಿ ಬಂದ ಮೇಲೆ ಆ ಕೆಲಸ ಬೇಗ ಮುಗಿಯತೊಡಗಿತು, ಅಂಗೈಯ ಕೆಂಪೂ ಹೋಯಿತು.

ಭಾವಮೈದುನರಿಗೆ ಇಷ್ಟು ಹೊತ್ತು ಸುಮ್ಮನಿರುವುದು ಕಷ್ಟವಾಗಿತ್ತು. ‘ಭಾವ, ನೀವು ಎಷ್ಟು ಚೆನ್ನಾಗಿ ಉಜ್ಜಿಕೊಟ್ಟರೂ ಫ್ರೇಮಿಗೆ ಕೂರಿಸೋದು ನಾನು’ ಎಂದರು. ‘ನೀನು ಒಡೆದು ಹಾಕಿದ್ದನ್ನೂ ಹೇಳಯ್ಯ’ ಎಂದು ಭಾವ ನಕ್ಕರು. ವಜ್ರದ ಮೊನೆಯಿಂದ ಗಾಜಿನ ಮೇಲೆ ಆಕಾರ ಕೊರೆದು, ಹೊರಗಿನ ಗಾಜನ್ನು ಇಕ್ಕಳದಲ್ಲಿ ಚೂರುಚೂರಾಗಿ ಕಚ್ಚಿ ತೆಗೆದು, ನೀರು ಸುರಿಯುವ ಸಾಣೆಕಲ್ಲಿನಲ್ಲಿ ಅಂಚಿಗೆ ಇಳಿಜಾರು ಕೊಡುವುದು ಅವರ ಕೆಲಸ. ಅಂಚಿಲ್ಲದ ಕನ್ನಡಕವಾದರೆ ಗಾಜಿಗೆ ತೂತು ಕೊರೆಯಬೇಕು, ಕೊರೆಯುವಾಗ ಬಿಸಿಯಾಗದ ಹಾಗೆ ಟರ್ಪೆಂಟೈನ್ ಹನಿ. ಫ್ರೇಮನ್ನು ಕೆಂಡದ ಮೇಲೆ ಹಪ್ಪಳ ಸುಡುವವರ ಹಾಗೆ ತಿರುವುತ್ತ ಮೆತ್ತಗೆ ಮಾಡಿ, ಗಾಜು ಒತ್ತಿ, ತಣ್ಣೀರಿಗೆ ಅದ್ದುವುದು. ಸಿಲಿಂಡರ್ ಗಾಜು ಫ್ರೇಮಿನೊಳಗೆ ಎಳ್ಳಷ್ಟು ತಿರುಗಿದರೂ ಹಾಕಿಕೊಂಡವರಿಗೆ ನೆಲ ವಾಲುತ್ತದೆ. ಹೀಗಾಗಿ ಅಕ್ಷದ ಗೆರೆಯನ್ನು ಶಾಯಿಯಲ್ಲಿ ಗುರುತು ಹಾಕಿಕೊಂಡು ಕೊನೆಯವರೆಗೂ ಅಳಿಸುತ್ತಿರಲಿಲ್ಲ. ದೂರು ಬಂದರೆ ಕನ್ನಡಕ ನೋಡುವ ಮೊದಲು ಗಿರಾಕಿ ನಡೆಯುವುದನ್ನು ನೋಡುತ್ತಿದ್ದರಂತೆ. ಕತ್ತು ಓರೆ ಮಾಡಿ ನಡೆದರೆ ಗಾಜು ತಿರುಗಿದೆ, ಗದ್ದ ತಗ್ಗಿಸಿ ನಡೆದರೆ ಬೈಫೋಕಲ್ ತುಂಡು ಮೇಲೆ ಕೂತಿದೆ.

ಈ ನೋಟ ಕಳೆದುಹೋಗುತ್ತಿದೆ ಎಂಬುದೇ ನನ್ನ ಸಂಕಟ. ಉಜ್ಜುವ ಕೆಲಸವನ್ನು ಯಂತ್ರ ಮಾಡಲಿ, ಅದು ಇನ್ನೂ ಚೆನ್ನಾಗಿಯೇ ಮಾಡುತ್ತದೆ. ಸಿಆರ್–39 ಎಂಬ ಪ್ಲಾಸ್ಟಿಕ್ 1940ರ ದಶಕದಲ್ಲಿ ಅಮೆರಿಕದಲ್ಲಿ ತಯಾರಾಯಿತು. ಯುದ್ಧ ಮುಗಿದ ಮೇಲೆ ಅದರಿಂದ ಲೆನ್ಸ್ ಮಾಡಿದರು. ತೂಕ ಗಾಜಿನ ಅರ್ಧ, ಬಿದ್ದರೆ ಚೂರಾಗುವುದಿಲ್ಲ. ಆಟವಾಡುವ ಮಕ್ಕಳ ಕಣ್ಣ ಮುಂದೆ ಗಾಜು ಇರಬೇಕೆಂದು ಯಾರೂ ಹೇಳಲಾರರು. ಹಿರಿಯರೂ ಹೇಳುವುದಿಲ್ಲ, ಅವರ ಮೊಮ್ಮಗಳ ಕನ್ನಡಕ ಪ್ಲಾಸ್ಟಿಕ್ಕಿನದೇ. ಆದರೆ ಗೋಡೆಯ ಗೆರೆ ನೋಡಿ ನಂಬರ್ ಹೇಳುವುದನ್ನು, ನಡಿಗೆ ನೋಡಿ ತಪ್ಪು ಹಿಡಿಯುವುದನ್ನು ಅಂಗಡಿಗೆ ಸೇರುವ ಹುಡುಗರಿಗೆ ಇವತ್ತೂ ಕಲಿಸಬಹುದು. ಅದಕ್ಕೆ ಬೇಕಾದದ್ದು ಒಂದು ಪೆಟ್ಟಿಗೆ ಲೆನ್ಸ್, ಒಂದು ಗೋಡೆ. ಇಬ್ಬರೂ ಕಲಿಸಲು ಸಿದ್ಧರಿದ್ದಾರೆ. ಕೇಳಿಕೊಂಡು ಬಂದವರಿಲ್ಲ.

ನಿಮ್ಮ ಮನೆಯ ಟ್ರಂಕಿನಲ್ಲಿ ಅಜ್ಜನ ಕನ್ನಡಕ ಇದ್ದರೆ ಇಬ್ಬರೂ ಹೇಳಿದ ಎರಡು ಮಾತು ನೆನಪಿರಲಿ. ಗಾಜೋ ಕಲ್ಲೋ ತಿಳಿಯಲು ಚಾಕುವಿನಿಂದ ಗೀರಬೇಡಿ, ಕೆನ್ನೆಗೆ ಒತ್ತಿ ನೋಡಿ. ಫ್ರೇಮನ್ನು ಹೆಬ್ಬೆರಳಿನಿಂದ ಬಿಸಿಯಾಗುವಷ್ಟು ತಿಕ್ಕಿ ಮೂಸಿ: ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್. ಬೆಂಕಿ ಬಹಳ ಬೇಗ ಹಿಡಿಯುತ್ತದೆ, ದೇವರ ಗೂಡಿನ ಹತ್ತಿರ ಇಡಬೇಡಿ. ಹಳತಾದ ಸೆಲ್ಯುಲಾಯ್ಡ್ ಆಮ್ಲದ ಆವಿ ಬಿಡುತ್ತದೆ, ಮುಚ್ಚಿದ ಡಬ್ಬಿಯಲ್ಲಿಟ್ಟರೆ ತಿರುಪು, ಕೀಲು ಎಲ್ಲ ಹಸಿರುಗಟ್ಟಿ ತಿಂದುಹೋಗುತ್ತವೆ. ಹತ್ತಿಯ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ಗಾಳಿಯಾಡುವ ಕಡೆ ಇಡಿ.