ನೀರಿನ ತರ್ಕ: ತೂಬು, ಕೋಡಿ ಮತ್ತು ಗಣಕಯಂತ್ರ

ಯಳಂದೂರು ತಾಲ್ಲೂಕಿನ ಮಾಂಬಳ್ಳಿಯ ಸೀಮೆಯಲ್ಲಿ ಕೆರೆಯ ತೂಬು, ಕೋಡಿಗಳನ್ನು ಅರಿಯದವರು ವಿರಳ. ತೂಬನ್ನು ತೆರೆದರೆ ನೀರು ಗದ್ದೆಗೆ ಹರಿಯುವುದು; ಮುಚ್ಚಿದರೆ ನಿಲ್ಲುವುದು. ಈ 'ಹೌದು', 'ಇಲ್ಲ'ಗಳೇ ಗಣಕಯಂತ್ರದ ತರ್ಕಕ್ಕೂ ಮೂಲವೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ತರ್ಕವನ್ನು ಬೀಜಗಣಿತದ ರೂಪಕ್ಕೆ ತಂದ ಜಾರ್ಜ್ ಬೂಲನ ಪ್ರಧಾನ ಗ್ರಂಥವು 1854ರಲ್ಲಿ ಪ್ರಕಟವಾಯಿತು. ವಿದ್ಯುತ್ ಸ್ವಿಚ್ಚುಗಳ ಜೋಡಣೆಯು ಆ ಗಣಿತವನ್ನೇ ಅನುಸರಿಸುವುದೆಂದು ಕ್ಲಾಡ್ ಷಾನನ್ 1937ರಲ್ಲಿ ತೋರಿಸಿದನು. ಆದರೆ ತರ್ಕಕ್ಕೆ ವಿದ್ಯುತ್ತೇ ಬೇಕೆಂಬ ನಿಯಮವಿಲ್ಲ. ಟಾರ್ನ್ ಮತ್ತು ಜ್ಯಾಕ್ ಆಡಮ್ಸ್ ಸೋದರರು 2006ರಲ್ಲಿ ಹೊರತಂದ 'ಡ್ವಾರ್ಫ್ ಫೋರ್ಟ್ರೆಸ್' ಎಂಬ ಗಣಕದ ಆಟದಲ್ಲಿ, ಆಟಗಾರರು ಹರಿಯುವ ನೀರಿನಿಂದಲೇ ತರ್ಕಮಂಡಲಗಳನ್ನು ಕಟ್ಟಿದ್ದಾರೆ.

ಆ ಆಟದಲ್ಲಿ ನೀರಿನ ಆಳವನ್ನು 1ರಿಂದ 7ರವರೆಗೆ ಎಣಿಸುವರು. ತೊಟ್ಟಿಯ ತಳದಲ್ಲಿರಿಸಿದ ಒತ್ತುಹಲಗೆಯು, ಗೊತ್ತುಪಡಿಸಿದ ಆಳಕ್ಕೆ ನೀರು ಬಂದೊಡನೆ ದೂರದ ತೂಬಿಗೆ ಸಂಜ್ಞೆ ಕಳುಹಿಸಿ ಅದನ್ನು ತೆರೆಯಿಸುತ್ತದೆ. ಒಂದೇ ಕಾಲುವೆಯಲ್ಲಿ ಒಂದರ ಹಿಂದೊಂದು ಎರಡು ತೂಬುಗಳಿದ್ದರೆ, ಎರಡೂ ತೆರೆದಾಗ ಮಾತ್ರ ತೊಟ್ಟಿಗೆ ನೀರು ಬರುವುದು, ಇದು 'ಮತ್ತು'. ಬೇರೆ ಬೇರೆ ಕಾಲುವೆಗಳಲ್ಲಿದ್ದರೆ ಯಾವುದೊಂದು ತೆರೆದರೂ ಸಾಕು, ಇದು 'ಅಥವಾ'. ಹಲಗೆಯನ್ನು 0ರಿಂದ 3ರವರೆಗಿನ ಆಳಕ್ಕೆ ಹೊಂದಿಸಿದರೆ, ತೊಟ್ಟಿ ಬರಿದಾಗಿರುವಾಗ ತೂಬು ತೆರೆದಿದ್ದು, ನೀರು ಏರಿದಾಗ ಮುಚ್ಚುವುದು, ಇದು 'ಅಲ್ಲ'.

ಇಲ್ಲೊಂದು ತೊಡಕುಂಟು. ಬಂದ ನೀರು ಹೊರಹೋಗದಿದ್ದರೆ ತೊಟ್ಟಿಯು ಸದಾ 'ಹೌದು' ಎನ್ನುತ್ತಲೇ ಇರುವುದು. ಆದುದರಿಂದ ತುಂಬುವ ದಾರಿಯಷ್ಟೇ ಬರಿದಾಗುವ ದಾರಿಯೂ ಅವಶ್ಯಕ.

ನಮ್ಮ ಕೆರೆಗಳಲ್ಲಿ ತೂಬನ್ನು ತೆರೆಯುವ ನಿರ್ಧಾರವು ನೀರುಗಂಟಿಯದಾಗಿತ್ತು. ಆ ಬಗೆಯ ನಿರ್ಧಾರವನ್ನು ನೀರಿಗೇ ಒಪ್ಪಿಸಿದುದಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರು ರೂಪಿಸಿದ, 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಅಳವಡಿಸಲಾದ ಸ್ವಯಂಚಾಲಿತ ಬಾಗಿಲುಗಳು ನಿದರ್ಶನ. ನೀರು ಗೊತ್ತಾದ ಮಟ್ಟವನ್ನು ಮೀರಿದಾಗ ಅವು ತಾವೇ ತೆರೆದುಕೊಂಡು, ಇಳಿದಾಗ ತಾವೇ ಮುಚ್ಚಿಕೊಳ್ಳುತ್ತಿದ್ದುವು.

ಸಾಲುಗೆರೆಗಳಲ್ಲಿ ಮೇಲಿನ ಕೆರೆಯ ಕೋಡಿನೀರೇ ಕೆಳಗಿನ ಕೆರೆಗೆ ಮುಟ್ಟುವ ಸಂಜ್ಞೆ. ಕೋಡಿಹಳ್ಳವನ್ನು ಒತ್ತುವರಿ ಮಾಡಿ ಮುಚ್ಚಿದರೆ ಆ ಸಂಜ್ಞೆ ಕೆಳಗಿನ ಕೆರೆಗೆ ತಲುಪದು. ಮೇಲಿನ ಕೆರೆಯು 'ಸಾಕು' ಎನ್ನಲಾರದೆ ಏರಿಯನ್ನೇ ಒಡೆದೀತು. ಹಳೆಯ ಹಳ್ಳ, ಕಾಲುವೆಗಳನ್ನು ನಕ್ಷೆಯಲ್ಲಿ ಗುರುತಿಸುವ ಇತಿಹಾಸದ ವಿದ್ಯಾರ್ಥಿಯು, ತಾನು ಒಂದು ಯಂತ್ರದ ರಚನೆಯನ್ನೇ ಓದುತ್ತಿರುವೆನೆಂದು ತಿಳಿದರೆ ಆ ಕೆಲಸದ ಬೆಲೆ ಅವನಿಗೆ ಸ್ಪಷ್ಟವಾಗುವುದು.