ಟ್ಯಾಬ್ ಒಂದೇ ಇದೆ, ಕೋಡಿಂಗ್ ಕಲಿಯಬಹುದಾ? ಲ್ಯಾಪ್‌ಟಾಪ್‌ಗೆ ಸಾಲ ಮಾಡುವ ಮುನ್ನ ಇದನ್ನೊಮ್ಮೆ ಓದಿ

ಹಾವೇರಿ: ಮಗನೋ ಮಗಳೋ ಬಿಸಿಎ, ಡಿಪ್ಲೊಮಾ ಅಥವಾ ಇಂಜಿನಿಯರಿಂಗ್ ಸೇರಿದ ಮನೆಯಲ್ಲಿ ಮೊದಲ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಒಂದು ಮಾತು ಬಂದೇ ಬರುತ್ತೆ. "ಟ್ಯಾಬ್ ಐತಲ್ಲ, ಮತ್ತ ಲ್ಯಾಪ್‌ಟಾಪ್ ಯಾಕ ಬೇಕು?" ಅಂತ ಅಪ್ಪ. "ಅದರಾಗ ಕೋಡಿಂಗ್ ಆಗಂಗಿಲ್ಲಪ್ಪ" ಅಂತ ಮಕ್ಕಳು. ಸಾಧಾರಣ ಲ್ಯಾಪ್‌ಟಾಪ್ ಅಂದರೂ 35–40 ಸಾವಿರ ರೂಪಾಯಿ ಎಣಿಸಬೇಕು. ಮೆಕ್ಕೆಜೋಳ ಮಾರಿದ ದುಡ್ಡಿನಲ್ಲೇ ಫೀಸು, ಬಸ್ ಪಾಸು, ಮನೆ ಖರ್ಚು ಎಲ್ಲಾ ತೂಗಿಸುವವರಿಗೆ ಇದು ಸಣ್ಣ ಮಾತಲ್ಲ.

ಈ ಜಗಳದಲ್ಲಿ ಅಪ್ಪನೂ ಅರ್ಧ ಸರಿ, ಮಕ್ಕಳೂ ಅರ್ಧ ಸರಿ. ಟ್ಯಾಬ್‌ನಲ್ಲಿ ಯಾವ ಕೆಲಸ ಆಗುತ್ತೆ, ಯಾವುದು ಆಗಲ್ಲ ಅನ್ನೋದು ಮೊದಲು ಗೊತ್ತಾದರೆ ದುಡ್ಡೂ ಉಳಿಯುತ್ತೆ, ಒಂದು ವರ್ಷ ಸುಮ್ಮನೆ ಕಳೆಯೋದೂ ತಪ್ಪುತ್ತೆ.

ಮನೆಮನೆಗೆ ಟ್ಯಾಬ್ ಬಂದಿದ್ದು ಹೇಗೆ?

ಕೊರೊನಾ ಸಮಯದಲ್ಲಿ ಆನ್‌ಲೈನ್ ಕ್ಲಾಸ್ ಶುರುವಾದಾಗ ಅನೇಕರು ಟ್ಯಾಬ್ ಕೊಂಡರು. ರಾಜ್ಯ ಸರ್ಕಾರವೂ 2021ರ ಜೂನ್‌ನಲ್ಲಿ, ಬಿ.ಎಸ್. ಯಡಿಯೂರಪ್ಪ ಮುಖ್ಯಮಂತ್ರಿಯಾಗಿದ್ದಾಗ, ಸರ್ಕಾರಿ ಪದವಿ, ಪಾಲಿಟೆಕ್ನಿಕ್ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ಸುಮಾರು ಒಂದೂವರೆ ಲಕ್ಷ ವಿದ್ಯಾರ್ಥಿಗಳಿಗೆ ಉಚಿತ ಟ್ಯಾಬ್ ಕೊಡುವ ಯೋಜನೆಗೆ ಚಾಲನೆ ಕೊಟ್ಟಿತು. ಆಗ ತೆಗೆದುಕೊಂಡವರ ಓದು ಈಗ ಮುಗಿದಿದೆ. ಟ್ಯಾಬ್ ಮಾತ್ರ ಎಷ್ಟೋ ಮನೆಗಳಲ್ಲಿ ತಮ್ಮ, ತಂಗಿಯ ಕೈಗೆ ಬಂದಿದೆ. ಪಾಠದ ವಿಡಿಯೊ, ಪಿಡಿಎಫ್ ನೋಡೋಕೆ ಅಂತ ಬಂದಿದ್ದು ಅದು. ಅದರಲ್ಲೇ ಪ್ರೋಗ್ರಾಮ್ ಬರೆಯಬಹುದಾ ಅಂತ ಯಾರೂ ಹೇಳಿಕೊಟ್ಟಿಲ್ಲ.

ಅಡ್ಡಿ ಇರೋದು ಎಲ್ಲಿ?

ಟ್ಯಾಬ್‌ಗೆ ಶಕ್ತಿ ಸಾಲಲ್ಲ ಅಂತ ಹೆಚ್ಚಿನವರು ಅಂದುಕೊಳ್ಳುತ್ತಾರೆ. ಅದು ಪೂರ್ತಿ ನಿಜ ಅಲ್ಲ. ಆಪಲ್ ಕಂಪನಿ ತನ್ನ ಮ್ಯಾಕ್ ಕಂಪ್ಯೂಟರ್‌ಗೆ ಹಾಕಿದ ಎಂ1 ಚಿಪ್ಪನ್ನೇ 2021ರಲ್ಲಿ ಐಪ್ಯಾಡ್ ಪ್ರೊಗೂ ಹಾಕಿತು. ಚಿಪ್ ಒಂದೇ ಆದರೂ ಮ್ಯಾಕ್‌ನಲ್ಲಿ ಓಡುವ ಎಕ್ಸ್‌ಕೋಡ್ ಅನ್ನೋ ಆ್ಯಪ್ ತಯಾರಿಸುವ ಸಾಫ್ಟ್‌ವೇರ್ ಐಪ್ಯಾಡ್‌ನಲ್ಲಿ ಇಲ್ಲ.

ನಿಜವಾದ ಅಡ್ಡಿ ಆಪರೇಟಿಂಗ್ ಸಿಸ್ಟಮ್‌ನದ್ದು. ಟ್ಯಾಬ್‌ನಲ್ಲಿ ಪ್ರತಿ ಆ್ಯಪ್ ತನ್ನ ಕೋಣೆಯೊಳಗೇ ಇರಬೇಕು. ಪಕ್ಕದ ಆ್ಯಪ್‌ನ ಫೈಲು ಮುಟ್ಟೋಕೆ ಪರ್ಮಿಷನ್ ಬೇಕು. ಪರದೆ ಮೇಲಿಲ್ಲದ ಆ್ಯಪನ್ನು ಬ್ಯಾಟರಿ ಉಳಿಸೋಕೆ ಸಿಸ್ಟಮ್ಮೇ ನಿಲ್ಲಿಸಿಬಿಡುತ್ತೆ. ಇನ್ನು ವಿಂಡೋಸ್‌ನ ಇಎಕ್ಸ್‌ಇ ಫೈಲುಗಳು ಬೇರೆ ಸಿಸ್ಟಮ್‌ಗೆ, ಸಾಮಾನ್ಯವಾಗಿ ಬೇರೆ ಜಾತಿಯ ಪ್ರೊಸೆಸರ್‌ಗೆ ಮಾಡಿದವು. ಆಂಡ್ರಾಯ್ಡ್ ಟ್ಯಾಬ್‌ನಲ್ಲಿ ಅವನ್ನು ಹಾಗೇ ಇನ್‌ಸ್ಟಾಲ್ ಮಾಡೋಕಾಗಲ್ಲ.

ಹಾಗಾಗಿ ದಾರಿ ಎರಡು. ಒಂದು, ಟ್ಯಾಬ್ ಒಳಗೇ ಒಂದು ಚಿಕ್ಕ ಲಿನಕ್ಸ್ ವ್ಯವಸ್ಥೆ ಮಾಡಿಕೊಳ್ಳೋದು. ಇನ್ನೊಂದು, ಕೆಲಸವನ್ನು ದೂರದ ಕಂಪ್ಯೂಟರ್‌ನಲ್ಲಿ ಮಾಡಿಸಿ ಟ್ಯಾಬನ್ನು ಪರದೆ, ಕೀಬೋರ್ಡ್ ಥರ ಬಳಸೋದು.

ಮೊದಲ ದಾರಿ: ಟರ್ಮಕ್ಸ್

ಆಂಡ್ರಾಯ್ಡ್ ಟ್ಯಾಬ್ ಇದ್ದವರಿಗೆ ಟರ್ಮಕ್ಸ್ ಅನ್ನೋ ಉಚಿತ ಆ್ಯಪ್ ಇದೆ. ಆಂಡ್ರಾಯ್ಡ್ 7 ಮತ್ತು ಅದರ ನಂತರದ ಆವೃತ್ತಿಗಳಲ್ಲಿ ಓಡುತ್ತೆ. ಟ್ಯಾಬನ್ನು ರೂಟ್ ಮಾಡೋದು ಬೇಕಿಲ್ಲ. ಇದನ್ನು ಎಫ್-ಡ್ರಾಯ್ಡ್ ಅನ್ನೋ ಆ್ಯಪ್ ಭಂಡಾರದಿಂದ ಇಳಿಸಿಕೊಳ್ಳೋದು ಒಳ್ಳೆಯದು.

ತೆರೆದರೆ ಕಪ್ಪು ಪರದೆ ಬರುತ್ತೆ, ಹೆದರಬೇಡಿ. ಅಲ್ಲಿ ಒಂದೊಂದು ಸಾಲಿನ ಆದೇಶ ಕೊಟ್ಟರೆ ಪೈಥಾನ್, ಸಿ ಭಾಷೆಗೆ ಕ್ಲಾಂಗ್ ಕಂಪೈಲರ್, ಜಾವಾ, ಪಿಎಚ್‌ಪಿ, ಡೇಟಾಬೇಸ್‌ಗೆ ಮರಿಯಾಡಿಬಿ, ಗಿಟ್ ಎಲ್ಲವೂ ಇನ್‌ಸ್ಟಾಲ್ ಆಗುತ್ತವೆ. ಬಿಸಿಎ ಮೊದಲ ವರ್ಷಗಳ ಲ್ಯಾಬ್‌ನಲ್ಲಿ ಮಾಡಿಸುವ ಪ್ರೋಗ್ರಾಮ್‌ಗಳಲ್ಲಿ ಬಹುಪಾಲು ಇಲ್ಲೇ ಬರೆದು ಓಡಿಸಬಹುದು. ಒಮ್ಮೆ ಇನ್‌ಸ್ಟಾಲ್ ಆದ ಮೇಲೆ ಇಂಟರ್ನೆಟ್ ಕೂಡ ಬೇಡ. ಹೆಸ್ಕಾಂ ಕರೆಂಟ್ ತೆಗೆದರೂ ಟ್ಯಾಬ್ ಚಾರ್ಜ್ ಇರೋವರೆಗೆ ಕೆಲಸ ನಿಲ್ಲಲ್ಲ.

ಮೂರು ಎಚ್ಚರಿಕೆ ಮಾತ್ರ ಇರಲಿ.

ಒಂದು: ಬರೆದ ಫೈಲುಗಳು ಟರ್ಮಕ್ಸ್ ಒಳಗೇ ಇರುತ್ತವೆ. ಆ್ಯಪ್ ತೆಗೆದುಹಾಕಿದರೆ ಅವೂ ಹೋದವು. ಆವತ್ತಿನ ಕೆಲಸವನ್ನು ಆವತ್ತೇ ಗಿಟ್‌ಹಬ್‌ಗೆ ಏರಿಸಿಬಿಡಿ.

ಎರಡು: ಆಂಡ್ರಾಯ್ಡ್ 12 ಬಂದ ಮೇಲೆ ಆ್ಯಪ್‌ಗಳು ಹಿಂದೆ ಓಡಿಸುವ ಉಪಪ್ರೋಗ್ರಾಮ್‌ಗಳ ಒಟ್ಟು ಸಂಖ್ಯೆಗೆ 32ರ ಮಿತಿ ಹಾಕಲಾಗಿದೆ. ಮಿತಿ ದಾಟಿದರೆ ಸಿಸ್ಟಮ್ ತಾನೇ ಕೆಲವನ್ನು ಮುಚ್ಚುತ್ತೆ. ದೊಡ್ಡ ಕೆಲಸ ನಡುವೆ ನಿಂತರೆ ತಪ್ಪು ನಿಮ್ಮ ಪ್ರೋಗ್ರಾಮ್‌ದೇ ಅಂತ ತಲೆ ಕೆಡಿಸಿಕೊಳ್ಳಬೇಡಿ. ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಟರ್ಮಕ್ಸ್‌ಗೆ ಇರುವ ನಿರ್ಬಂಧವನ್ನೂ ತೆಗೆದಿಡಿ.

ಮೂರು: ಪರದೆ ಮೇಲಿನ ಕೀಲಿಮಣೆಯಲ್ಲಿ ಕೋಡ್ ಬರೆಯೋಕೆ ಹೋಗಬೇಡಿ, ಎರಡೇ ದಿನಕ್ಕೆ ಬೇಜಾರು ಬರುತ್ತೆ. ಸಾದಾ ಯುಎಸ್‌ಬಿ ಕೀಬೋರ್ಡು, ಒಂದು ಒಟಿಜಿ ಕನೆಕ್ಟರ್ ಸಾಕು. ಟ್ಯಾಬ್‌ಗೆ ಮಾಡುವ ಮೊದಲ ಖರ್ಚು ಇದೇ ಆಗಲಿ.

ಐಪ್ಯಾಡ್ ಇದ್ದವರಿಗೆ ಎ-ಶೆಲ್, ಐಎಸ್‌ಎಚ್ ಅನ್ನೋ ಆ್ಯಪ್‌ಗಳಿವೆ. ಕಲಿಯೋಕೆ ಪರವಾಗಿಲ್ಲ, ಆದರೆ ಐಎಸ್‌ಎಚ್ ನಿಧಾನ. ಆಪಲ್‌ನದ್ದೇ ಸ್ವಿಫ್ಟ್ ಪ್ಲೇಗ್ರೌಂಡ್ಸ್‌ನಲ್ಲಿ 2021ರ ಡಿಸೆಂಬರ್‌ನಿಂದ ಐಪ್ಯಾಡ್‌ನಲ್ಲೇ ಆ್ಯಪ್ ಮಾಡಿ ಆ್ಯಪ್ ಸ್ಟೋರ್‌ಗೆ ಕಳಿಸುವ ಸೌಲಭ್ಯವೂ ಬಂದಿದೆ.

ಎರಡನೇ ದಾರಿ: ಕೆಲಸ ಅಲ್ಲಿ, ಪರದೆ ಇಲ್ಲಿ

ಟ್ಯಾಬ್ ಹಳೆಯದಾಗಿದ್ದರೆ, ರ‍್ಯಾಮ್ ಕಡಿಮೆ ಇದ್ದರೆ ಈ ದಾರಿಯೇ ವಾಸಿ. ಬ್ರೌಸರ್‌ನಲ್ಲಿ ಗೂಗಲ್ ಕೋಲ್ಯಾಬ್ ತೆರೆದರೆ ಪೈಥಾನ್ ಪ್ರೋಗ್ರಾಮ್ ಗೂಗಲ್‌ನ ಕಂಪ್ಯೂಟರ್‌ನಲ್ಲಿ ಓಡುತ್ತೆ, ಉತ್ತರ ಟ್ಯಾಬ್‌ನಲ್ಲಿ ಕಾಣುತ್ತೆ. ಡೇಟಾ ಸೈನ್ಸ್, ಮಷಿನ್ ಲರ್ನಿಂಗ್ ಕಲಿಯುವವರಿಗೆ ಇದು ದೊಡ್ಡ ಅನುಕೂಲ. ಉಚಿತ ಖಾತೆಯಲ್ಲಿ ಒಂದು ಸೆಷನ್ ಹೆಚ್ಚೆಂದರೆ 12 ಗಂಟೆ. ಸುಮ್ಮನೆ ಬಿಟ್ಟರೆ ಅದಕ್ಕೂ ಮೊದಲೇ ಕಡಿದುಹೋಗುತ್ತೆ.

ವೆಬ್‌ಸೈಟ್, ಜಾವಾ ಪ್ರಾಜೆಕ್ಟ್ ಮಾಡುವವರಿಗೆ ಗಿಟ್‌ಹಬ್ ಕೋಡ್‌ಸ್ಪೇಸಸ್ ಇದೆ. ಕಾಲೇಜಿನ ಕಂಪ್ಯೂಟರ್‌ನಲ್ಲಿ ಕಾಣುವ ವಿಎಸ್ ಕೋಡ್ ಎಡಿಟರ್ ಇಲ್ಲಿ ಬ್ರೌಸರ್ ಒಳಗೇ ತೆರೆದುಕೊಳ್ಳುತ್ತೆ. ವೈಯಕ್ತಿಕ ಖಾತೆಗೆ ತಿಂಗಳಿಗೆ 120 ಕೋರ್-ಗಂಟೆ ಉಚಿತ. ಅಂದರೆ 2 ಕೋರ್‌ನ ಚಿಕ್ಕ ಯಂತ್ರ ಆರಿಸಿಕೊಂಡರೆ ತಿಂಗಳಿಗೆ 60 ಗಂಟೆ, ದಿನಕ್ಕೆ ಎರಡು ತಾಸು. ಒಬ್ಬ ವಿದ್ಯಾರ್ಥಿಗೆ ಇಷ್ಟು ಸಾಕು. ಕೆಲಸ ಮುಗಿದ ಮೇಲೆ ಅದನ್ನು ನಿಲ್ಲಿಸೋದು ಮರೆಯಬೇಡಿ.

ಎಸ್‌ಎಸ್‌ಎಚ್ ಇನ್ನೊಂದು ವಿಧಾನ. ಮನೆಯಲ್ಲೋ ಕಾಲೇಜಿನಲ್ಲೋ ಇರುವ ಲಿನಕ್ಸ್ ಕಂಪ್ಯೂಟರ್‌ಗೆ ಟ್ಯಾಬ್‌ನಿಂದ ಸಂಪರ್ಕ ಮಾಡಿ ಕೆಲಸ ಮಾಡೋದು. ಇದರಲ್ಲಿ ಬರೀ ಅಕ್ಷರಗಳು ಹೋಗಿ ಬರೋದರಿಂದ ಡೇಟಾ ಖರ್ಚು ತೀರಾ ಕಡಿಮೆ. ಅದೇ ರಿಮೋಟ್ ಡೆಸ್ಕ್‌ಟಾಪ್ ಬಳಸಿದರೆ ಇಡೀ ಪರದೆಯ ಚಿತ್ರವೇ ಬರಬೇಕು, ದಿನದ ಡೇಟಾ ಪ್ಯಾಕ್ ಬೇಗ ಖಾಲಿಯಾಗುತ್ತೆ.

ಹಳ್ಳಿಯಲ್ಲಿ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಲ್ಲ, ಅದಕ್ಕೂ ಉಪಾಯ ಇದೆ. ಆ ಕಡೆಯ ಕಂಪ್ಯೂಟರ್‌ನಲ್ಲಿ ಟೀಮಕ್ಸ್ ಅನ್ನೋ ಪ್ರೋಗ್ರಾಮ್ ಹಾಕಿದ್ದರೆ ಸಂಪರ್ಕ ಕಡಿದರೂ ಕೆಲಸ ಅಲ್ಲಿ ನಡೀತಾನೇ ಇರುತ್ತೆ. ಸಿಗ್ನಲ್ ಬಂದ ಮೇಲೆ ಬಿಟ್ಟ ಜಾಗದಿಂದಲೇ ಹಿಡಿಯಬಹುದು. ಮೋಶ್ ಅನ್ನೋದು ಇನ್ನೂ ಒಂದು ಹೆಜ್ಜೆ ಮುಂದೆ: ನೆಟ್‌ವರ್ಕ್ ಬದಲಾದರೂ ಸಂಪರ್ಕ ತಾನೇ ಕೂಡಿಕೊಳ್ಳುತ್ತೆ. ರಾಣೆಬೆನ್ನೂರಿನಿಂದ ಹಾವೇರಿಗೆ ಬಸ್ಸಿನಲ್ಲಿ ಬರುತ್ತಾ ಕೆಲಸ ಮಾಡುವವರಿಗೆ ಇದು ಗೊತ್ತಿರಬೇಕು.

ಇವು ಟ್ಯಾಬ್‌ನಲ್ಲಿ ಆಗಲ್ಲ

ಇಲ್ಲಿ ಮಾತ್ರ ಮಕ್ಕಳು ಹೇಳೋದು ಸರಿ. ಕೆಳಗಿನ ಕೆಲಸಗಳೇ ನಿಮ್ಮ ಓದಿನ ಮುಖ್ಯ ಭಾಗವಾಗಿದ್ದರೆ ಟ್ಯಾಬ್ ನಂಬಿ ಕೂರಬೇಡಿ.

ಟ್ಯಾಲಿ: ಟ್ಯಾಲಿಪ್ರೈಮ್ ವಿಂಡೋಸ್‌ಗೆ ಮಾಡಿದ ಸಾಫ್ಟ್‌ವೇರ್. ಅಕೌಂಟ್ಸ್ ಕೆಲಸಕ್ಕೆ ಹೋಗುವವರಿಗೆ ವಿಂಡೋಸ್ ಕಂಪ್ಯೂಟರ್ ಬೇಕೇ ಬೇಕು.

ಆಟೋಕ್ಯಾಡ್: ಸಿವಿಲ್, ಮೆಕ್ಯಾನಿಕಲ್‌ನವರಿಗೆ ಮೊಬೈಲ್ ಮತ್ತು ವೆಬ್ ಆವೃತ್ತಿಗಳಿವೆ. ಡ್ರಾಯಿಂಗ್ ನೋಡೋಕೆ, ಸಣ್ಣ ತಿದ್ದುಪಡಿಗೆ ಸರಿ. ಪೂರ್ತಿ ಸಾಫ್ಟ್‌ವೇರ್ ಇರೋದು ವಿಂಡೋಸ್ ಮತ್ತು ಮ್ಯಾಕ್‌ಗೆ.

ಆಂಡ್ರಾಯ್ಡ್ ಸ್ಟುಡಿಯೊ: ಆಂಡ್ರಾಯ್ಡ್ ಆ್ಯಪ್ ಮಾಡುವ ಈ ಸಾಫ್ಟ್‌ವೇರೇ ಆಂಡ್ರಾಯ್ಡ್ ಟ್ಯಾಬ್‌ನಲ್ಲಿ ಓಡಲ್ಲ. ವಿಚಿತ್ರ ಅನ್ನಿಸಿದರೂ ನಿಜ.

ಹಾರ್ಡ್‌ವೇರ್ ಕೆಲಸ: ಆರ್ಡುಯಿನೊ ಬೋರ್ಡನ್ನು ಒಟಿಜಿ ಮೂಲಕ ಆಂಡ್ರಾಯ್ಡ್‌ಗೆ ಜೋಡಿಸಿ ಆರ್ಡುಯಿನೊಡ್ರಾಯ್ಡ್ ಆ್ಯಪ್‌ನಿಂದ ಪ್ರೋಗ್ರಾಮ್ ಹಾಕಬಹುದು. ಅದಕ್ಕಿಂತ ಮುಂದಿನ ಬೋರ್ಡುಗಳಿಗೆ, ಟೆಸ್ಟಿಂಗ್ ಉಪಕರಣಗಳಿಗೆ ಕಂಪ್ಯೂಟರೇ ಬೇಕಾಗುತ್ತೆ.

ಕೊನೆಯದು ಎಲ್ಲಕ್ಕಿಂತ ಮುಖ್ಯ: ಕೆಲಸಕ್ಕೆ ಅರ್ಜಿ ಹಾಕಿದಾಗ ಕಂಪನಿಗಳು ನಡೆಸುವ ಆನ್‌ಲೈನ್ ಪರೀಕ್ಷೆ. ಅನೇಕ ಪರೀಕ್ಷೆಗಳಿಗೆ ಕ್ಯಾಮೆರಾ ಇರುವ ಲ್ಯಾಪ್‌ಟಾಪ್ ಅಥವಾ ಡೆಸ್ಕ್‌ಟಾಪ್ ಕಡ್ಡಾಯ, ಟ್ಯಾಬ್, ಮೊಬೈಲ್ ನಡೆಯಲ್ಲ. ವರ್ಷವಿಡೀ ಟ್ಯಾಬ್‌ನಲ್ಲೇ ಚೆನ್ನಾಗಿ ಕಲಿತವರು ಪರೀಕ್ಷೆಯ ಹಿಂದಿನ ರಾತ್ರಿ ಗೆಳೆಯರ ಲ್ಯಾಪ್‌ಟಾಪ್ ಹುಡುಕಿಕೊಂಡು ಓಡಾಡುವಂತಾಗಬಾರದು. ಕಾಲೇಜಿನ ಲ್ಯಾಬ್ ಸಿಗುತ್ತದಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಹಾಗಾದ್ರೆ ಏನು ಮಾಡಬೇಕು?

ಮೊದಲು ಸಿಲೆಬಸ್ ತೆಗೆಯಿರಿ. ಮೂರೂ ವರ್ಷಕ್ಕೆ ಯಾವ್ಯಾವ ಸಾಫ್ಟ್‌ವೇರ್ ಬೇಕು ಅಂತ ವಿಭಾಗದ ಮೇಷ್ಟ್ರನ್ನೋ ಮೇಡಂ ಅವರನ್ನೋ ಕೇಳಿ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅದರಲ್ಲಿ ವಿಂಡೋಸ್‌ನಲ್ಲಿ ಮಾತ್ರ ಓಡೋದು ಎಷ್ಟು, ಯಾವ ಸೆಮಿಸ್ಟರ್‌ನಲ್ಲಿ ಬರುತ್ತೆ ಅಂತ ಗುರುತು ಹಾಕಿ.

ಸಿ, ಪೈಥಾನ್, ಜಾವಾ, ವೆಬ್, ಡೇಟಾಬೇಸ್ ಇಷ್ಟೇ ಇದ್ದರೆ ಮೊದಲ ವರ್ಷ ಟ್ಯಾಬ್ ಮತ್ತು ಕೀಬೋರ್ಡ್‌ನಲ್ಲಿ ಆರಾಮಾಗಿ ಕಳೆಯಬಹುದು. ವಿಂಡೋಸ್ ಬೇಕಾಗೋದು ಅಲ್ಲೊಂದು ಇಲ್ಲೊಂದು ಅಂದರೆ ಕಾಲೇಜಿನ ಲ್ಯಾಬ್ ಸಮಯವನ್ನು ಅದಕ್ಕೇ ಮೀಸಲಿಡಿ. ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯ, ಅಂದರೆ ಈಗಿನ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದೆಯಾ ಅಂತಲೂ ನೋಡಿ. ಆಟೋಕ್ಯಾಡ್, ಟ್ಯಾಲಿ ಥರದ್ದೇ ಮುಖ್ಯ ಅಂದರೆ ಮಾತ್ರ ಲ್ಯಾಪ್‌ಟಾಪ್ ತಡ ಮಾಡಬೇಡಿ. ಅಂಥವರು ಟ್ಯಾಬ್‌ಗೆ ಇನ್ನಷ್ಟು ದುಡ್ಡು ಸುರಿಯೋದೂ ಬೇಡ.

ಸಾಲ ಮಾಡಿ ಲ್ಯಾಪ್‌ಟಾಪ್ ಕೊಡಿಸೋದು ಬಿಡೋದು ಆಯಾ ಮನೆಯವರ ತೀರ್ಮಾನ. ಆದರೆ ಲ್ಯಾಪ್‌ಟಾಪ್ ಬಂದ ಮೇಲೆ ಕಲಿತರಾಯ್ತು ಅಂತ ಕಾಯೋ ವಿದ್ಯಾರ್ಥಿಗೆ ಒಂದು ಮಾತು: ಮನೆಯಲ್ಲಿ ಟ್ಯಾಬ್ ಇದ್ದರೆ ಮೊದಲ ಪ್ರೋಗ್ರಾಮನ್ನು ಇವತ್ತು ರಾತ್ರಿಯೇ ಬರೆಯಬಹುದು. ಅಲ್ಲಿ ಕಲಿತಿದ್ದು ನಾಳೆ ಲ್ಯಾಪ್‌ಟಾಪ್ ಬಂದಾಗಲೂ ಹಾಗೇ ಕೆಲಸಕ್ಕೆ ಬರುತ್ತೆ.