ಅವ್ವನ ಟಿ.ವಿ.ಯೂ ಕಾಕಾರ ನಿದ್ದೆಯೂ

ಪುಣೆಗೆ ಬಂದು ನೆಲೆಸಿದ ಕನ್ನಡಿಗನಿಗೆ ಬೇರೇನು ತಿಳಿಯದಿದ್ದರೂ ಒಂದು ಸಂಗತಿ ಬೇಗ ತಿಳಿಯುತ್ತದೆ: ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಇಲ್ಲಿ ಯಾರ ಬಾಗಿಲನ್ನೂ ತಟ್ಟಬಾರದು. ಆ ಹೊತ್ತಿನಲ್ಲಿ ಹಳೆಯ ಪೇಟೆಯ ಅಂಗಡಿಕಾರರು ಗಿರಾಕಿಯನ್ನು ಸಹ ಲೆಕ್ಕಿಸುವುದಿಲ್ಲವೆಂದು ಊರಿಗೆ ಊರೇ ನಗುತ್ತ ಹೇಳಿಕೊಳ್ಳುತ್ತದೆ. ಅಂಥ ಹೊತ್ತಿನಲ್ಲಿ, ಕಳೆದ ಶ್ರಾವಣದ ಒಂದು ರವಿವಾರ ಎರಡೂವರೆ ಗಂಟೆಗೆ, ಕೆಳಗಿನ ಮನೆಯ ಕಾಕಾ ತಾವೇ ಮೆಟ್ಟಿಲು ಹತ್ತಿ ಬಂದು ನಮ್ಮ ಬಾಗಿಲು ತಟ್ಟಿದರು. ವಯಸ್ಸಾದ ಸಜ್ಜನರು, ಸಿಟ್ಟಿನ ಮಾತೊಂದನ್ನೂ ಆಡಲಿಲ್ಲ. "ಜರಾ ಆವಾಜ..." ಎಂದು ಅರ್ಧಕ್ಕೆ ನಿಲ್ಲಿಸಿ, ಅಂಗೈಯನ್ನು ನೆಲದ ಕಡೆಗೆ ಎರಡು ಸಲ ಮೆಲ್ಲನೆ ಆಡಿಸಿ, ಇಳಿದು ಹೋದರು. ನಾಲ್ಕು ಬೈದಿದ್ದರೆ ನಮಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಆ ಸದ್ದು ನಮ್ಮ ತಾಯಿಯವರ ಟಿ.ವಿ.ಯದು. ಅವ್ವನಿಗೆ ಈಗ ಎಂಬತ್ತೊಂದು. ಆಯುಷ್ಯವನ್ನೆಲ್ಲ ಧಾರವಾಡದಲ್ಲಿ ಕಳೆದು, ತಂದೆಯವರು ತೀರಿಕೊಂಡ ಮೇಲೆ ಮೂರು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂದರು. ಇಲ್ಲಿ ಹಾಲಿನವನು ಮರಾಠಿ, ಕಾಯಿಪಲ್ಲೆಯವಳು ಮರಾಠಿ, ಗುಡಿಯ ಪೂಜಾರಿಯೂ ಮರಾಠಿ. ಮೊಮ್ಮಕ್ಕಳು ತಮ್ಮತಮ್ಮಲ್ಲಿ ಆಡುವುದು ಅರ್ಧ ಮರಾಠಿ, ಅರ್ಧ ಇಂಗ್ಲಿಷು. ನಾವು ಕೆಲಸಕ್ಕೆ ಹೊರಟ ಮೇಲೆ ಸಂಜೆಯವರೆಗೆ ಅವರ ಕಿವಿಗೆ ಕನ್ನಡ ಬೀಳುವುದು ಟಿ.ವಿ.ಯಿಂದ ಮಾತ್ರ. ಆದುದರಿಂದ ಅದನ್ನು ಬಂದು ಮಾಡಿರೆಂದು ಹೇಳುವ ಧೈರ್ಯ ನಮಗಿರಲಿಲ್ಲ. ಆದರೆ ಧ್ವನಿಯ ಅಂಕೆ ಇಪ್ಪತ್ತರಿಂದ ಮೂವತ್ತಕ್ಕೆ, ಮೂವತ್ತರಿಂದ ನಲವತ್ತೈದಕ್ಕೆ ಏರಿತ್ತು. ಹನ್ನೆರಡನೆಯ ಇಯತ್ತೆಯ ಮಗಳು ಕಿವಿಯಲ್ಲಿ ಹತ್ತಿಯಿಟ್ಟುಕೊಂಡು ಓದುತ್ತಿದ್ದಳು. ನಮ್ಮ ಶ್ರೀಮತಿಯವರು ಸಂಜೆ ಮನೆಯಿಂದಲೇ ಅಮೆರಿಕೆಯ ಕಚೇರಿಯೊಡನೆ ಮಾತಾಡಬೇಕಾಗುತ್ತದೆ. ಅತ್ತ ಕಡೆಯವರು ಒಂದು ದಿನ, "ನಿಮ್ಮ ಮನೆಯಲ್ಲಿ ಯಾರೋ ಅಳುತ್ತಿರುವಂತಿದೆ, ಎಲ್ಲರೂ ಕ್ಷೇಮವಷ್ಟೇ?" ಎಂದು ಕೇಳಿದರಂತೆ. ಅಳುತ್ತಿದ್ದವಳು ಧಾರಾವಾಹಿಯ ಸೊಸೆ!

ವಸತಿಯ ಪ್ರದೇಶದಲ್ಲಿ ಸದ್ದು ಹಗಲು ೫೫, ರಾತ್ರಿ ೪೫ ಡೆಸಿಬೆಲ್ ಮೀರಬಾರದೆಂದು ೨೦೦೦ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಆದರೆ ಸಂಕ್ರಾಂತಿಗೆ ಎಳ್ಳು-ಬೆಲ್ಲ ಕೊಟ್ಟುಕೊಳ್ಳುವ ನೆರೆಯವರ ನಡುವೆ ಕಾಯಿದೆಯ ಮಾತು ಬರಬಾರದು. ನಾವು ಬೇರೆ ಉಪಾಯ ಹುಡುಕಹೊರಟೆವು.

ಮೊದಲು ಮಾಡಿದ್ದು ಅವ್ವನನ್ನು ಕಿವಿಯ ಡಾಕ್ಟರರಲ್ಲಿಗೆ ಕರೆದುಕೊಂಡು ಹೋದದ್ದು. ಮನೆಯಲ್ಲಿ ಹಿರಿಯರಿರುವ ಪ್ರತಿಯೊಬ್ಬರಿಗೂ ನಮ್ಮ ವಿನಂತಿ ಇದೇ: ಯಂತ್ರ ಕೊಳ್ಳುವ ಮುಂಚೆ ಕಿವಿ ತೋರಿಸಿರಿ. ಅವ್ವನ ಎಡಗಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿತ್ತು. ಅದನ್ನು ತೆಗೆದ ಕೂಡಲೆ ಅರ್ಧ ಕಷ್ಟ ಹೋಯಿತು. ಉಳಿದರ್ಧ ವಯಸ್ಸಿನದು. ಡಾಕ್ಟರರು ತಿಳಿಸಿ ಹೇಳಿದ ಮೇಲೆ ಅವ್ವನ ಒಂದು ಮಾತಿನ ಅರ್ಥ ನಮಗೆ ಹೊಳೆಯಿತು. "ಕೇಳಸ್ತದೋ, ಆದರ ತಿಳಿಯೂದಿಲ್ಲ" ಎಂದು ಅವರು ಯಾವಾಗಲೂ ಹೇಳುತ್ತಿದ್ದರು. ಮುಪ್ಪಿನಲ್ಲಿ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಶ್ರುತಿಯ ಸದ್ದುಗಳನ್ನು. ಅ, ಆ, ಓ ಮೊದಲಾದ ಸ್ವರಗಳು ತಗ್ಗಿನ ಸದ್ದಿನವು, ಅವು ಕೇಳುತ್ತಲೇ ಇರುತ್ತವೆ. ಸ, ಶ, ತ, ಕ ಇಂಥ ವ್ಯಂಜನಗಳ ಸಪ್ಪಳ ಎತ್ತರದ್ದು, ಅದು ಉದುರಿಹೋಗುತ್ತದೆ. 'ಕಾಸು' ಎಂದದ್ದು 'ಆಉ' ಎಂದಾಗಿ ಮುಟ್ಟುತ್ತದೆ. ಸಾಲದ್ದಕ್ಕೆ ಟಿ.ವಿ. ಹತ್ತು ಅಡಿ ದೂರ, ನಡುವೆ ಫ್ಯಾನಿನ ಗಾಳಿ, ಗೋಡೆಗಳ ಮಾರ್ದನಿ. ಎಷ್ಟು ಜೋರು ಮಾಡಿದರೂ ಕಲಬೆರಕೆಯೇ ಜೋರಾಗುತ್ತದೆ ವಿನಾ ಮಾತು ತಿಳಿಯಾಗುವುದಿಲ್ಲ. ಅದೇ ಸದ್ದನ್ನು ಕಿವಿಯ ಬುಡಕ್ಕೆ ತಂದಿಟ್ಟರೆ ಮಾತು ಬಿಡಿಬಿಡಿಯಾಗಿ ಕೇಳುತ್ತದೆ. ತಂತಿಯಿಲ್ಲದ ಹೆಡ್‌ಫೋನಿನ ದೊಡ್ಡ ಉಪಯೋಗ ಇದು. ನೆರೆಯವರ ನಿದ್ದೆ ಉಳಿಯುವುದು ಮೇಲಿನ ಲಾಭ. (ಶ್ರವಣಯಂತ್ರ ಬೇಕಾದವರಿಗೆ ಇದು ಅದರ ಬದಲಿಯಲ್ಲ. ರಜೆಯಲ್ಲಿ ಮೈಸೂರಿನ ಕಡೆ ಹೋಗುವವರು ಅಲ್ಲಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ನೆನಪಿನಲ್ಲಿಡಬಹುದು.)

ಬುಧವಾರ ಪೇಟೆಯ ತಪಕೀರ ಗಲ್ಲಿ ಈಗ ವಿದ್ಯುತ್ ಸಾಮಾನುಗಳ ಸಂತೆ. ತಪಕೀರೆಂದರೆ ನಶ್ಯ, ಆ ಹೆಸರು ಕೇಳಿ ಅವ್ವ, "ಕಿವಿಯ ಔಷಧ ಮೂಗಿನ ಓಣ್ಯಾಗ ಸಿಗ್ತದೇನೋ?" ಎಂದರು. ಅವರ ಹಾಸ್ಯ ನಿಜವಾಗುವುದರಲ್ಲಿತ್ತು. ನಮ್ಮ ಹಳೆಯ ಟಿ.ವಿ.ಯಲ್ಲಿ ಬ್ಲೂಟೂತ್ ಇಲ್ಲವಾದುದರಿಂದ ಅದಕ್ಕೊಂದು ಪುಟ್ಟ ಡಬ್ಬಿ ಬೇಕಾಗಿತ್ತು. ಒಂದು ಅಂಗಡಿಯಲ್ಲಿ ಅಗ್ಗವಾಗಿ ಸಿಕ್ಕದ್ದನ್ನು ತಂದು ಎರಡು ಸಂಜೆ ತಿಣುಕಿದೆವು. ಕಡೆಗೆ ಏಳು ವರ್ಷದ ಮಗ ಡಬ್ಬಿಯ ಮೇಲಿನ ಅಕ್ಷರ ಓದಿದ ಮೇಲೆ ಗುಟ್ಟು ತಿಳಿಯಿತು. ನಾವು ತಂದದ್ದು ಸದ್ದನ್ನು ಪಡೆಯುವ ಡಬ್ಬಿ, ಮೋಟಾರಿನಲ್ಲಿ ಫೋನಿನ ಹಾಡು ಕೇಳಲು ಹಾಕುವಂಥದು. ನಮಗೆ ಬೇಕಾದದ್ದು ಸದ್ದನ್ನು ಕಳಿಸುವಂಥದು. ಡಬ್ಬಿಯ ಮೇಲೆ 'ಟ್ರಾನ್ಸ್‌ಮಿಟರ್' ಎಂದಾಗಲಿ 'ಟಿ.ಎಕ್ಸ್.' ಎಂದಾಗಲಿ ಇರಬೇಕು; ಬರೇ 'ರಿಸೀವರ್' ಎಂದಿದ್ದರೆ ಕೊಳ್ಳಬೇಡಿರಿ.

ನಿಮ್ಮ ಟಿ.ವಿ. ಹೊಸದಿದ್ದು ಅದರಲ್ಲಿಯೇ ಬ್ಲೂಟೂತ್ ಇದ್ದರೆ ಈ ಡಬ್ಬಿಯ ಗೊಡವೆಯೇ ಇಲ್ಲ. ಹೆಡ್‌ಫೋನಿನ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ದೀಪ ಮಿಣುಕಲಾರಂಭಿಸುತ್ತದೆ, ಅಂದರೆ ಅದು ಜೊತೆಗಾರನನ್ನು ಹುಡುಕುತ್ತಿದೆ ಎಂದರ್ಥ. ಆಗ ಟಿ.ವಿ.ಯ ಸೆಟ್ಟಿಂಗ್ಸ್‌ನಲ್ಲಿ ಸೌಂಡ್ ಅಥವಾ ಬ್ಲೂಟೂತ್ ಎಂಬಲ್ಲಿಗೆ ಹೋಗಿ, ಪಟ್ಟಿಯಲ್ಲಿ ಕಾಣಿಸಿದ ಹೆಸರನ್ನು ಒತ್ತಿದರಾಯಿತು. ಹಳೆಯ ಟಿ.ವಿ.ಯಾದರೆ ಡಬ್ಬಿಯ ವಾಯರನ್ನು ಹಿಂಬದಿಯ ೩.೫ ಮಿ.ಮೀ.ನ ಹೆಡ್‌ಫೋನು ತೂತಿಗೋ, ಕೆಂಪು-ಬಿಳಿಯ ಧ್ವನಿ ಹೊರಬರುವ ತೂತುಗಳಿಗೋ, ಬೆಳಕಿನ ಮೂಲಕ ಸದ್ದು ಕಳಿಸುವ 'ಆಪ್ಟಿಕಲ್' ಎಂಬ ಚೌಕದ ತೂತಿಗೋ ಸಿಕ್ಕಿಸಬೇಕು. ಆಪ್ಟಿಕಲ್ ಹಾಕಿಯೂ ಸದ್ದು ಬರದಿದ್ದರೆ ಗಾಬರಿ ಬೇಡ, ಟಿ.ವಿ.ಯ ಧ್ವನಿಯನ್ನು 'ಡಾಲ್ಬಿ'ಯಿಂದ 'ಪಿ.ಸಿ.ಎಂ.'ಗೆ ಬದಲಿಸಿದರೆ ಬಹುಮಟ್ಟಿಗೆ ಬರುತ್ತದೆ.

ಈ ಬ್ಲೂಟೂತಿನ ಹೆಸರೂ ಸೋಜಿಗದ್ದೇ. ಹತ್ತನೆಯ ಶತಮಾನದಲ್ಲಿ ಡೆನ್ಮಾರ್ಕನ್ನಾಳಿದ ಹೆರಾಲ್ಡನೆಂಬ ಅರಸನ ಅಡ್ಡಹೆಸರು 'ನೀಲಿಹಲ್ಲು'. ಒಡೆದ ಪಂಗಡಗಳನ್ನು ಆತ ಕೂಡಿಸಿದಂತೆ ಬೇರೆಬೇರೆ ಯಂತ್ರಗಳನ್ನು ಇದು ಕೂಡಿಸಲಿ ಎಂದು ೧೯೯೭ರಲ್ಲಿ ಇಂಟೆಲ್ ಕಂಪನಿಯ ಜಿಮ್ ಕಾರ್ಡಾಕ್ ಎಂಬ ಎಂಜಿನಿಯರರು ಆ ಹೆಸರನ್ನು ಸೂಚಿಸಿದರು. ಕೆಲಸ ಶುರುವಾದದ್ದು ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ, ೧೯೯೪ರ ಸುಮಾರಿಗೆ. ಧ್ವನಿಯನ್ನು ಹೊತ್ತ ರೇಡಿಯೋ ಅಲೆ ಒಂದೇ ಜಾಗದಲ್ಲಿ ಕೂಡುವುದಿಲ್ಲ. ೭೯ ಸಾಲುಗಳ ನಡುವೆ ಸೆಕೆಂಡಿಗೆ ೧,೬೦೦ ಸಲ ಕುಂಟಾಬಿಲ್ಲೆಯಾಡುವಂತೆ ಜಿಗಿಯುತ್ತದೆ. ಎಲ್ಲಿ ಯಾವಾಗ ಜಿಗಿಯಬೇಕೆಂಬುದು ಕಳಿಸುವವನಿಗೂ ಪಡೆಯುವವನಿಗೂ ಮಾತ್ರ ಗೊತ್ತು. ಇಂಥ ಜಿಗಿತದ ಉಪಾಯವೊಂದಕ್ಕೆ ೧೯೪೨ರಲ್ಲಿಯೇ ಅಮೆರಿಕೆಯಲ್ಲಿ ಪೇಟೆಂಟು ಪಡೆದವರಲ್ಲೊಬ್ಬರು ಚಲಚ್ಚಿತ್ರ ನಟಿ ಹೆಡಿ ಲಮಾರ್ ಎಂದರೆ ನಂಬುತ್ತೀರಾ? ಅಡಿಗೆಮನೆಯ ಮೈಕ್ರೋವೇವ್ ಒಲೆಯೂ ಮನೆಯ ವೈಫೈಯೂ ಇದೇ ೨.೪ ಗಿಗಾಹರ್ಟ್ಸಿನ ಓಣಿಯಲ್ಲಿಯೇ ಓಡಾಡುತ್ತವೆ. ಅನ್ನ ಬಿಸಿ ಮಾಡುವಾಗ ಹೆಡ್‌ಫೋನು ತೊದಲಿದರೆ ಅದರ ಕಾರಣ ಇದು.

ಸರಿ, ಡಬ್ಬಿ ಬದಲಾಯಿತು. ಹೆಡ್‌ಫೋನನ್ನು ಅವ್ವನ ಮುಂದೆ ಹಿಡಿದರೆ, "ಇದನ್ನ ತಲಿಗೆ ಹಾಕ್ಕೊಂಡು ನಾ ಏನ್ ವಿಮಾನಾ ಹಾರಸ್ಲಿಕ್ಕೆ ಹೊಂಟೇನೇನೋ?" ಎಂದು ಅತ್ತ ಸರಿಸಿದರು. ಅವರ ಕಾಲದ ಕೇಳುವಿಕೆಯ ರೀತಿಯೇ ಬೇರೆ. ಧಾರವಾಡದ ಆಕಾಶವಾಣಿ ಶುರುವಾದದ್ದು ೧೯೫೦ರ ಜನವರಿ ೮ರಂದು. ಅವ್ವ ಆಗ ಲಂಗದ ಹುಡುಗಿ. ಇಡೀ ಓಣಿಗೆ ಒಂದೇ ರೇಡಿಯೋ. ಅದಿದ್ದ ಮನೆಯ ಕಟ್ಟೆಯ ಮೇಲೆ ಓಣಿಯೆಲ್ಲ ಕೂತು ಕೇಳುತ್ತಿತ್ತಂತೆ. ರೇಡಿಯೋ ಎಂದರೆ ಹತ್ತು ಜನ ಕೂಡಿ ಕೇಳುವ ವಸ್ತುವೆಂದೇ ಅವರ ಎಣಿಕೆ. ಅದಕ್ಕೂ ಹಿಂದೆ, ಧ್ವನಿವರ್ಧಕಗಳು ಮನೆಮನೆಗೆ ಬರುವ ಮುನ್ನ, ಮೊದಲಿನ ರೇಡಿಯೋಗಳಿಗೆ ಹೆಡ್‌ಫೋನೇ ಗತಿಯಾಗಿತ್ತು, ಒಬ್ಬರು ಕೇಳಿದರೆ ಉಳಿದವರು ಅವರ ಮುಖ ನೋಡಬೇಕಾಗಿತ್ತು ಎಂದು ನಾವು ಹೇಳಿದೆವು. ಆಗಿನ ಜನ ಹೆಡ್‌ಫೋನನ್ನು ಪಾತ್ರೆಯೊಳಗಿಟ್ಟು, ಅದರ ಅನುರಣನದಿಂದ ನಾಲ್ಕು ಜನ ಸುತ್ತ ಕೂತು ಕೇಳುತ್ತಿದ್ದುದೂ ಉಂಟು. ಅವ್ವನಿಗೆ ಈ ಪಾತ್ರೆಯ ಮಾತು ಬಹಳ ಸೇರಿತು. ಮೂರನೆಯ ದಿನ ಯಾರೂ ಹೇಳದೆ ತಾವೇ ಹೆಡ್‌ಫೋನು ಹಾಕಿಕೊಂಡರು. ಐದು ನಿಮಿಷ ಮಾತಿಲ್ಲ. ಆಮೇಲೆ, "ಅಯ್ಯ, ಇಕಿ 'ಸಾಕು' ಅಂತಾಳ! ನಾ ಇಷ್ಟು ದಿನಾ 'ಹಾಕು' ಅಂತಾಳ ಅಂದ್ಕೊಂಡಿದ್ದೆ" ಎಂದು ಮನೆಯೆಲ್ಲ ಕೇಳುವಂತೆ ಕೂಗಿದರು.

ಸಣ್ಣಪುಟ್ಟ ತೊಂದರೆಗಳು ಇರಲೇ ಇದ್ದವು. ತುಟಿ ಮೊದಲು, ಮಾತು ಆಮೇಲೆ: ಸಾಮಾನ್ಯ ಬ್ಲೂಟೂತಿನಲ್ಲಿ ಸದ್ದು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ತಡವಾಗುವುದುಂಟು. ಕಳಿಸುವ ಡಬ್ಬಿ, ಹೆಡ್‌ಫೋನು ಎರಡರಲ್ಲಿಯೂ 'ಆಪ್ಟ್-ಎಕ್ಸ್ ಲೋ ಲೇಟೆನ್ಸಿ'ಯಂಥ ಶೀಘ್ರ ರೀತಿ ಇದ್ದರೆ ಅದು ಕಣ್ಣಿಗೆ ಹತ್ತುವುದಿಲ್ಲ. ಒಂದರಲ್ಲಿ ಮಾತ್ರ ಇದ್ದು ಉಪಯೋಗವಿಲ್ಲ. ತನ್ನದೇ ಪೀಠವಿರುವ ರೇಡಿಯೋ ಹೆಡ್‌ಫೋನುಗಳಲ್ಲಿ ಈ ತಡ ಇಲ್ಲವೆನ್ನುವಷ್ಟು ಕಡಿಮೆ, ಮೇಲಾಗಿ ಪೀಠದ ಮೇಲಿಟ್ಟರೆ ತಾನೇ ಚಾರ್ಜಾಗುವುದರಿಂದ ನಡುಗುವ ಕೈಗಳಿಗೆ ಅದೇ ಮೇಲು. ಒಂದು ಸಂಜೆ ಅವ್ವನ ಹೆಡ್‌ಫೋನು ಟಿ.ವಿ.ಯನ್ನು ಬಿಟ್ಟು ಮೊಮ್ಮಗಳ ಫೋನಿಗೆ ಜೋಡಿಸಿಕೊಂಡು, ಅವರು ಕಾಲು ಗಂಟೆ ಭೌತಶಾಸ್ತ್ರದ ಪಾಠ ಕೇಳಿದರು. ಇನ್ನೊಂದು ರಾತ್ರಿ ಹೆಡ್‌ಫೋನು ಆರಿಸಿದೊಡನೆ ಟಿ.ವಿ. ತನ್ನ ಹಳೆಯ ನಲವತ್ತೈದರಲ್ಲಿ ಗರ್ಜಿಸಿತು. ಈಗ ಮೊದಲು ಟಿ.ವಿ. ಆರಿಸಿ ಆಮೇಲೆ ಹೆಡ್‌ಫೋನು ತೆಗೆಯುತ್ತೇವೆ. ಕುಕ್ಕರಿನ ಸೀಟಿಯೂ ಕರೆಗಂಟೆಯೂ ಅವರಿಗೆ ಕೇಳದಾದ್ದರಿಂದ ಕುರ್ಚಿಯನ್ನು ಬಾಗಿಲು ಕಾಣುವಂತೆ ತಿರುಗಿಸಿದೆವು. ಕಿವಿಯ ಬುಡದಲ್ಲಿ ಸದ್ದಿನ ಮಿತಿಯೂ ಮುಖ್ಯ. ವಾರಕ್ಕೆ ೪೦ ಗಂಟೆ ಕೇಳುವುದಾದರೆ ದೊಡ್ಡವರಿಗೆ ೮೦ ಡೆಸಿಬೆಲ್, ಮಕ್ಕಳಿಗೆ ೭೫ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಮನೆ ಶಾಂತವಾಯಿತು. ಮಗಳು ಕಿವಿಯ ಹತ್ತಿ ತೆಗೆದಳು, ಕಾಕಾ ಮೆಟ್ಟಿಲ ಮೇಲೆ ಸಿಕ್ಕಾಗ ನಕ್ಕರು. ನಮಗೆ ನಮ್ಮ ಜಾಣತನದ ಬಗ್ಗೆ ಹೆಮ್ಮೆಯೇ ಆಗಿತ್ತು.

ಹೀಗೆ ಒಂದು ತಿಂಗಳು ಕಳೆದಿರಬೇಕು. ಒಂದು ರಾತ್ರಿ ಅವ್ವ ಟಿ.ವಿ. ನೋಡುತ್ತ ಒಬ್ಬರೇ ಗಟ್ಟಿಯಾಗಿ ನಕ್ಕರು. ಮಗ ಆಟ ಬಿಟ್ಟು ಹತ್ತಿರ ಹೋಗಿ, "ಅಜ್ಜಿ, ಯಾಕ ನಕ್ಕಿ?" ಎಂದ. ಅವರಿಗೆ ಕೇಳಲಿಲ್ಲ. ಅವನು ಅವರ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಸದ್ದಿಲ್ಲದ ಚಿತ್ರವನ್ನು ಸ್ವಲ್ಪ ಹೊತ್ತು ನೋಡಿ, ಮರಳಿ ಹೋಗಿ ಫೋನಿನಲ್ಲಿ ಮರಾಠಿ ಕಾರ್ಟೂನು ಹಚ್ಚಿಕೊಂಡ. ನಮಗೆ ಎದೆಯಲ್ಲಿ ಚುಚ್ಚಿದಂತಾಯಿತು. ಈ ಹುಡುಗ ಕನ್ನಡ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಅವನಿಗೆ ಬಂದಷ್ಟು ಕನ್ನಡ, 'ಹಂಗಂದ್ರೇನು ಅಜ್ಜಿ?' ಎಂದು ಕೇಳಿ ಕೇಳಿ ಬಂದದ್ದು. ನಾವು ಸದ್ದೆಂದು ತಿಳಿದು ಯಾವುದನ್ನು ಮನೆಯಿಂದ ಹೊರಗೆ ಹಾಕಿದ್ದೆವೋ ಅದು ಅವನ ಶಾಲೆಯಾಗಿತ್ತು. ಮರಾಠಿ ನೆಲದಲ್ಲಿ ಎರಡು ತಲೆಮಾರು ಬಾಳಿದ ಕನ್ನಡ ಮನೆಗಳ ಕಥೆ ಇದನ್ನೋದುವ ಎಷ್ಟೋ ಮಂದಿಗೆ ಗೊತ್ತು. ಮನೆಯಲ್ಲಿ ಕಿವಿಗೆ ಬೀಳದ ಮಾತು ಮಕ್ಕಳ ಬಾಯಿಗೆ ಬಂದದ್ದನ್ನು ನಾವಂತೂ ನೋಡಿಲ್ಲ.

ಮರುದಿನವೇ ತಂತಿಗಳನ್ನು ಬಿಚ್ಚಿದೆವು. ಟಿ.ವಿ.ಯ ಹೆಡ್‌ಫೋನು ತೂತಿಗೆ ಏನನ್ನಾದರೂ ಸಿಕ್ಕಿಸಿದರೆ ಸಾಮಾನ್ಯವಾಗಿ ಅದರ ಸ್ಪೀಕರು ಮೂಕವಾಗುತ್ತದೆ. ಕೆಲವು ಹೊಸ ಟಿ.ವಿ.ಗಳಲ್ಲಿ ಸ್ಪೀಕರೂ ಬ್ಲೂಟೂತೂ ಕೂಡಿಯೇ ನಡೆಯುವ ಏರ್ಪಾಡು ಸೆಟ್ಟಿಂಗ್ಸ್‌ನಲ್ಲಿಯೇ ಇರುತ್ತದೆ, ನಮ್ಮದರಲ್ಲಿಲ್ಲ. ಆದರೆ ನಮ್ಮ ಡಿಶ್ಶಿನ ಸೆಟ್-ಟಾಪ್ ಪೆಟ್ಟಿಗೆಯ ಬೆನ್ನಿನಲ್ಲಿ ಎಚ್.ಡಿ.ಎಂ.ಐ. ಅಲ್ಲದೆ ಕೆಂಪು-ಬಿಳಿಯ ತೂತುಗಳೂ ಧೂಳು ತಿನ್ನುತ್ತ ಕೂತಿದ್ದವು. ಅನೇಕ ಪೆಟ್ಟಿಗೆಗಳಲ್ಲಿ ಇವೆರಡೂ ಏಕಕಾಲಕ್ಕೆ ಕೆಲಸ ಮಾಡುತ್ತವೆ. ಎಚ್.ಡಿ.ಎಂ.ಐ. ತಂತಿ ಎಂದಿನಂತೆ ಟಿ.ವಿ.ಗೆ ಹೋಯಿತು, ಡಬ್ಬಿಯನ್ನು ಕೆಂಪು-ಬಿಳಿಗೆ ಜೋಡಿಸಿದೆವು. ಈಗ ಅವ್ವನ ಧ್ವನಿ ಅವರ ಕಿವಿಯ ಗುಂಡಿಯಲ್ಲಿ, ಮನೆಯ ಧ್ವನಿ ಟಿ.ವಿ.ಯ ರಿಮೋಟಿನಲ್ಲಿ. ಮಗಳು ಓದುವಾಗ, ಶ್ರೀಮತಿಯವರ ಕಚೇರಿಯ ಹೊತ್ತಿನಲ್ಲಿ, ಕಾಕಾರ ನಿದ್ದೆಯ ವೇಳೆಗೆ ಮನೆಯದು ಸೊನ್ನೆ. ರಾತ್ರಿ ಎಂಟೂವರೆಯ ಊಟಕ್ಕೆ ಮನೆಯದು ಹದಿನಾಲ್ಕು. ಮಗ ಈಗ ಅಜ್ಜಿಯ ಹೆಡ್‌ಫೋನಿನ ಒಂದು ಬಟ್ಟಲನ್ನು ಮೆಲ್ಲನೆ ಸರಿಸಿ, 'ಹಂಗಂದ್ರೇನು?' ಎಂದು ಕೇಳುತ್ತಾನೆ.

ಮೊನ್ನೆ ಇನ್ನೊಂದು ರವಿವಾರ ಕಾಕಾ ಮತ್ತೆ ಬಂದರು, ಅದೂ ಮಧ್ಯಾಹ್ನ ಎರಡೂವರೆಗೆ. ನಮ್ಮ ಎದೆ ಹಾರಿತು. ವಿಷಯ ಬೇರೆಯಾಗಿತ್ತು: ಈಗೀಗ ಅವರ ಕಿವಿಯೂ ಮಂದವಾಗಿ, ಕಾಕೂ ಬೈಯುತ್ತಿದ್ದಾರಂತೆ. "ತೋ ಹೆಡ್‌ಫೋನ ಜರಾ ಬಘೂ ಕಾ?" ಎಂದರು. ಅವ್ವ ತಮ್ಮದನ್ನೇ ತೆಗೆದುಕೊಟ್ಟು ಪಕ್ಕದ ಕುರ್ಚಿ ತೋರಿಸಿದರು. ಟಿ.ವಿ.ಯಲ್ಲಿ ಪಂಡಿತ ಭೀಮಸೇನ ಜೋಶಿಯವರು ಹಾಡಿದ ದಾಸರ ಪದ ನಡೆದಿತ್ತು. ಗದಗಿನ ಭೀಮಸೇನರು ಪುಣೆಯ ಭೀಮಸೇನರೂ ಅಲ್ಲವೇ? ಕಾಕಾರಿಗೆ ಪದದ ಒಂದಕ್ಷರ ತಿಳಿಯದಿದ್ದರೂ ಕಣ್ಣು ಮುಚ್ಚಿ ತಲೆದೂಗತೊಡಗಿದರು. ಹೆಡ್‌ಫೋನು ಹಾಕಿಕೊಂಡವರಿಗೆ ತಮ್ಮ ದನಿಯ ಅಳತೆ ತಿಳಿಯುವುದಿಲ್ಲ. ತಾನು ಮೇಲೇರಿ ಸಮಕ್ಕೆ ಬಂದೊಡನೆ ಅವರು, "ವಾಹ್ವಾ!" ಎಂದು ಕೂಗಿದ ಕೂಗಿಗೆ ಒಳಗೆ ಮಗಳು ಪುಸ್ತಕ ಕೆಳಗೆ ಬೀಳಿಸಿದಳು.

ಅವ್ವ ಅವರ ಕಡೆಗೆ ತಿರುಗಿ, ಅಂಗೈಯನ್ನು ನೆಲದ ಕಡೆಗೆ ಎರಡು ಸಲ ಮೆಲ್ಲನೆ ಆಡಿಸಿ, "ಹಗೂರ ಅನ್ರಿ ಕಾಕಾ, ಮಂದಿ ಮಲಗಿರ್ತಾರ" ಎಂದರು.